ಆರೋಗ್ಯ ಶಿಬಿರದ ವಿಚಾರಣೆಗೆ ಚಾಟ್‌ಬಾಟ್: ಅಣಿಗೊಳಿಸುವ ಕ್ರಮ ಮತ್ತು ಹಾಕಬೇಕಾದ ಎಲ್ಲೆ

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರ ಸಂಘಗಳು ನಡೆಸುವ ಸೇವಾಕಾರ್ಯಗಳಲ್ಲಿ ಆರೋಗ್ಯ ತಪಾಸಣಾ ಶಿಬಿರಕ್ಕೆ ವಿಶೇಷ ಸ್ಥಾನವುಂಟು. ಶಿಬಿರದ ದಿನ ಸಮೀಪಿಸಿದಂತೆ ಕಾರ್ಯದರ್ಶಿಯ ದೂರವಾಣಿಗೆ ಬಿಡುವೆಂಬುದೇ ಇಲ್ಲದಂತಾಗುತ್ತದೆ. ಶಿಬಿರ ಎಷ್ಟು ಗಂಟೆಗೆ? ಯಾವ ರೈಲು ನಿಲ್ದಾಣದಲ್ಲಿ ಇಳಿಯಬೇಕು? ಊರಿನಿಂದ ಬಂದಿರುವ ತಾಯಿಯನ್ನು ಕರೆತರಬಹುದೇ? ಬರಿಹೊಟ್ಟೆಯಲ್ಲಿ ಬರಬೇಕೇ? ಒಂದೇ ಪ್ರಶ್ನೆಯನ್ನು ನೂರು ಮಂದಿ ನೂರು ಸಲ ಕೇಳುತ್ತಾರೆ. ಕಾರ್ಯದರ್ಶಿಯಾದರೋ ಕಚೇರಿಯ ಕೆಲಸ ಮುಗಿಸಿ ಉಳಿದ ವೇಳೆಯಲ್ಲಿ ಸಂಘಕ್ಕಾಗಿ ದುಡಿಯುವವರು. ಈ ಭಾರವನ್ನು ಇಳಿಸಲು ಪ್ರಶ್ನೆಗೆ ತಾನೇ ಉತ್ತರಿಸುವ ಚಾಟ್‌ಬಾಟ್ ಒಂದನ್ನು ಏರ್ಪಡಿಸಬಾರದೇಕೆ ಎಂಬ ಸಲಹೆ ಈಚೆಗೆ ಅನೇಕ ಸಂಘಗಳ ಸಭೆಗಳಲ್ಲಿ ಕೇಳಿಬರುವುದು ಸಹಜವೇ ಆಗಿದೆ.

ಈ ಸಲಹೆ ಕಾರ್ಯಸಾಧ್ಯವಾದುದು. ಅದಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ; ಪ್ರೋಗ್ರಾಮಿಂಗ್ ಬಲ್ಲ ಒಬ್ಬ ಯುವ ಸದಸ್ಯನಿದ್ದರೆ ಸಾಕು. ಆದರೆ ಯಂತ್ರಕ್ಕೆ ಯಾವ ಪ್ರಶ್ನೆಯನ್ನು ಒಪ್ಪಿಸಬೇಕು, ಯಾವುದನ್ನು ಒಪ್ಪಿಸಬಾರದು ಎಂಬುದನ್ನು ಆ ಯುವಕನೊಬ್ಬನೇ ನಿರ್ಧರಿಸಲಾಗದು. ಅದು ಕಾರ್ಯಕಾರಿ ಸಮಿತಿಯ ಹೊಣೆ. ಆ ಹೊಣೆಯನ್ನು ಅರಿತು ನಿರ್ವಹಿಸಲು ಬೇಕಾಗುವಷ್ಟು ತಿಳಿವಳಿಕೆಯನ್ನು ಸರಳವಾಗಿ ನೀಡುವುದು ಪ್ರಕೃತ ಲೇಖನದ ಉದ್ದೇಶ.

ಹಿನ್ನೆಲೆ

ಮನುಷ್ಯನೊಡನೆ ಸಂಭಾಷಿಸುವ ಪ್ರೋಗ್ರಾಂ ಹೊಸತೇನಲ್ಲ. ಅಮೆರಿಕದ ಎಂ.ಐ.ಟಿ.ಯಲ್ಲಿದ್ದ ಜೋಸೆಫ್ ವೈಜೆನ್‌ಬಾಮ್ ಅವರು 1966ರಲ್ಲಿ ‘ಎಲೈಜಾ’ ಎಂಬ ಪ್ರೋಗ್ರಾಮಿನ ವಿವರಗಳನ್ನು ಪ್ರಕಟಿಸಿದರು. ಅದಕ್ಕೆ ಯಾವ ವಿಷಯವೂ ತಿಳಿದಿರಲಿಲ್ಲ. ಬೆರಳಚ್ಚಿಸಿದ ವಾಕ್ಯದಲ್ಲಿ ‘ತಾಯಿ’ ಎಂಬ ಶಬ್ದ ಕಂಡರೆ ಕುಟುಂಬದ ಬಗ್ಗೆ ಇನ್ನಷ್ಟು ಹೇಳಿರೆಂದು ಮರುಪ್ರಶ್ನೆ ಹಾಕುತ್ತಿತ್ತು, ಅಷ್ಟೆ. ಆದರೂ ಜನರು ಅದರ ಮುಂದೆ ಮನಸ್ಸಿನ ಗುಟ್ಟನ್ನು ತೋಡಿಕೊಳ್ಳತೊಡಗಿದುದನ್ನು ಕಂಡು ಅದರ ಕರ್ತೃವೇ ಬೆರಗಾದರು. ಯಂತ್ರವು ನಯವಾಗಿ ಮಾತನಾಡಿದರೆ ಜನ ಅದನ್ನು ನಂಬಿಬಿಡುತ್ತಾರೆ ಎಂಬ ಪಾಠ ಅಂದೇ ದೊರೆಯಿತು.

ಅನಂತರ ಬಂದ ಗೂಗಲ್‌ನ ಡಯಲಾಗ್‌ಫ್ಲೋ, ಅಮೆಜಾನಿನ ಲೆಕ್ಸ್ ಮೊದಲಾದ ಸೇವೆಗಳಲ್ಲಿ ಕೇಳುವವರ ಉದ್ದೇಶಗಳನ್ನು ಮೊದಲೇ ಪಟ್ಟಿಮಾಡಿ, ಪ್ರತಿ ಉದ್ದೇಶಕ್ಕೂ ಮಾದರಿ ವಾಕ್ಯಗಳನ್ನೂ ಸಿದ್ಧ ಉತ್ತರವನ್ನೂ ಬರೆದಿಡುವುದು ಮೂಲ ಕ್ರಮವಾಗಿತ್ತು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಹೊರಬಂದ ತರುವಾಯ ಭಾಷಾ ಮಾದರಿಗಳು ಜನಬಳಕೆಗೆ ಬಂದವು. ಇವು ಅಪಾರ ಪಠ್ಯರಾಶಿಯಿಂದ ಭಾಷೆಯ ಜಾಡನ್ನು ಕಲಿತು, ಮುಂದೆ ಯಾವ ಪದಖಂಡ ಬರುವುದು ಸಂಭವನೀಯ ಎಂದು ಲೆಕ್ಕಹಾಕುತ್ತ ಉತ್ತರವನ್ನು ಹೆಣೆಯುತ್ತವೆ. ಹಳೆಯ ಬಗೆಯ ಯಂತ್ರವು ತಿಳಿಯದ ಪ್ರಶ್ನೆಗೆ ತಡವರಿಸುತ್ತಿತ್ತು. ಹೊಸ ಬಗೆಯದು ತಿಳಿಯದ ಪ್ರಶ್ನೆಗೂ ತಡವರಿಸದೆ ಉತ್ತರಿಸಬಲ್ಲುದು. ಎಚ್ಚರ ಬೇಕಾಗುವುದು ಇಲ್ಲಿಯೇ.

ಎ.ಪಿ.ಐ. ಎಂಬ ಕೌಂಟರು

ಭಾಷಾ ಮಾದರಿಯು ಸಂಘದ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಸೇವೆ ನೀಡುವ ಕಂಪೆನಿಯ ದೂರದ ಕಂಪ್ಯೂಟರುಗಳಲ್ಲಿ, ಅಂದರೆ ಕ್ಲೌಡಿನಲ್ಲಿ ಇರುತ್ತದೆ. ಅದರೊಡನೆ ವ್ಯವಹರಿಸುವ ಗೊತ್ತಾದ ಮಾರ್ಗಕ್ಕೆ ಎ.ಪಿ.ಐ. ಎಂದು ಹೆಸರು. ಇದನ್ನು ಬ್ಯಾಂಕಿನ ಕೌಂಟರಿಗೆ ಹೋಲಿಸಬಹುದು. ಗ್ರಾಹಕನು ತಿಜೋರಿಯ ಕೋಣೆಗೆ ಹೋಗುವುದಿಲ್ಲ. ಗೊತ್ತಾದ ನಮೂನೆಯ ಚೀಟಿಯನ್ನು ತುಂಬಿ ಕಿಂಡಿಯಲ್ಲಿ ಕೊಡುತ್ತಾನೆ, ಅಲ್ಲಿಂದಲೇ ಪಡೆಯುತ್ತಾನೆ. ಸಂಘದ ಪ್ರೋಗ್ರಾಂ ಕಳುಹಿಸುವ ಚೀಟಿಯಲ್ಲಿ ಮುಖ್ಯವಾಗಿ ಐದು ಅಂಶಗಳಿರುತ್ತವೆ.

ಮೊದಲನೆಯದು ಕೀ, ಅಂದರೆ ರಹಸ್ಯ ಅಕ್ಷರಮಾಲೆ. ಇದು ಸಹಿ ಮಾಡಿದ ಖಾಲಿ ಚೆಕ್ಕಿಗೆ ಸಮಾನ. ಅದು ಪರರ ಕೈಸೇರಿದರೆ ಅವರು ಮಾಡಿದ ಬಳಕೆಯ ಬಿಲ್ಲು ಸಂಘದ ಮೇಲೆ ಬರುತ್ತದೆ. ಆದುದರಿಂದ ಅದನ್ನು ಯಾರಿಗಾದರೂ ಕಾಣಸಿಗುವ ಪ್ರೋಗ್ರಾಂ ಕಡತದಲ್ಲಿ ಬರೆಯಕೂಡದು. ಸರ್ವರಿನಲ್ಲಿ ಪ್ರತ್ಯೇಕವಾಗಿ ಇರಿಸಿ, ತಿಂಗಳ ಖರ್ಚಿಗೆ ಮಿತಿಯನ್ನೂ ಗೊತ್ತುಪಡಿಸತಕ್ಕದ್ದು.

ಎರಡನೆಯದು ಮಾದರಿಯ ಹೆಸರು. ಒಂದೇ ಕಂಪೆನಿಯಲ್ಲಿ ಹೆಚ್ಚು ಮತ್ತು ಕಡಿಮೆ ಬೆಲೆಯ ಹಲವು ಮಾದರಿಗಳಿರುತ್ತವೆ.

ಮೂರನೆಯದು ಸ್ಥಾಯೀ ಸೂಚನೆ. ಸಿಸ್ಟಮ್ ಪ್ರಾಂಪ್ಟ್ ಎಂದು ಕರೆಯುವ ಇದರಲ್ಲಿ ಯಂತ್ರದ ಪಾತ್ರವೇನು, ಅದು ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಬರೆಯಲಾಗುತ್ತದೆ.

ನಾಲ್ಕನೆಯದು ಅದುವರೆಗಿನ ಸಂಭಾಷಣೆ. ಅನೇಕ ಎ.ಪಿ.ಐ.ಗಳಿಗೆ ಹಿಂದಿನ ಮಾತಿನ ನೆನಪಿರುವುದಿಲ್ಲ. ‘ಅಲ್ಲಿಗೆ ಹೇಗೆ ಬರುವುದು?’ ಎಂದು ಸದಸ್ಯರು ಕೇಳಿದಾಗ ‘ಅಲ್ಲಿ’ ಎಂದರೆ ಎಲ್ಲಿ ಎಂಬುದು ತಿಳಿಯಬೇಕಾದರೆ ಹಿಂದಿನ ಪ್ರಶ್ನೋತ್ತರಗಳನ್ನು ಪ್ರತಿಸಲವೂ ಜೊತೆಗೆ ಕಳುಹಿಸಬೇಕು. ಪ್ರತಿ ಭೇಟಿಗೂ ಇಡೀ ಪಾಸ್‌ಬುಕ್ಕನ್ನು ಮುಂದಿಟ್ಟಂತೆ.

ಐದನೆಯದು ಉತ್ತರದ ಉದ್ದ ಮತ್ತು ಸ್ವಭಾವದ ಮಿತಿಗಳು. ಅನೇಕ ಮಾದರಿಗಳಲ್ಲಿ ‘ಟೆಂಪರೇಚರ್’ ಎಂಬ ಸಂಖ್ಯೆಯನ್ನು ಕೊಡಲು ಅವಕಾಶವಿದೆ. ಅದನ್ನು ಸೊನ್ನೆಯ ಹತ್ತಿರ ಇರಿಸಿದರೆ ಒಂದೇ ಪ್ರಶ್ನೆಗೆ ಹೆಚ್ಚುಕಡಿಮೆ ಒಂದೇ ಉತ್ತರ ಬರುತ್ತದೆ. ಏರಿಸಿದರೆ ಮಾತಿನಲ್ಲಿ ವೈವಿಧ್ಯ ಹೆಚ್ಚುತ್ತದೆ. ವಿಚಾರಣೆಯ ಕೆಲಸಕ್ಕೆ ಕೆಳಗಿನ ಸಂಖ್ಯೆಯೇ ಯೋಗ್ಯ. ಆದರೆ ಅದರಿಂದ ಉತ್ತರ ಸತ್ಯವಾಗುವುದೆಂದು ಭಾವಿಸಬಾರದು. ತಪ್ಪನ್ನೂ ಯಂತ್ರವು ಏಕರೂಪವಾಗಿ ಹೇಳಬಲ್ಲುದು.

ಚೀಟಿ ತಿರಸ್ಕೃತವಾದರೆ ಕಾರಣಸೂಚಕವಾದ ಅಂಕಿ ಬರುತ್ತದೆ. 401 ಬಂದರೆ ಕೀ ಸರಿಯಿಲ್ಲವೆಂದೂ, 429 ಬಂದರೆ ಬೇಡಿಕೆಯು ಮಿತಿಮೀರಿದೆಯೆಂದೂ ಸಾಮಾನ್ಯವಾಗಿ ತಿಳಿಯಬೇಕು. ಅಂಥ ಸಮಯದಲ್ಲಿ ಸದಸ್ಯರಿಗೆ ಮೌನವೇ ಉತ್ತರವಾಗಬಾರದು. ಸ್ವಯಂಸೇವಕರ ದೂರವಾಣಿ ಸಂಖ್ಯೆಯನ್ನು ತೋರಿಸುವ ಸಿದ್ಧ ವಾಕ್ಯವು ಪ್ರೋಗ್ರಾಮಿನಲ್ಲೇ ಇರಬೇಕು.

ಸೂಚನೆ ಬರೆಯುವ ಬಗೆ

‘ನೀನು ಸಂಘದ ಸಹಾಯಕ, ಸದಸ್ಯರ ಪ್ರಶ್ನೆಗಳಿಗೆ ಉತ್ತರಿಸು’ ಎಂದಷ್ಟೇ ಬರೆದರೆ, ಹೊಸ ಗುಮಾಸ್ತನಿಗೆ ಅಧಿಕಾರದ ಮಿತಿಯನ್ನು ಹೇಳದೆ ಕುರ್ಚಿಯಲ್ಲಿ ಕೂರಿಸಿದಂತಾಗುತ್ತದೆ. ಸೂಚನೆಯಲ್ಲಿ ಈ ಅಂಶಗಳು ಸ್ಪಷ್ಟವಾಗಿರತಕ್ಕದ್ದು:

1. ಜೊತೆಗಿರುವ ಶಿಬಿರದ ಪ್ರಕಟಣೆಯಲ್ಲಿ ಇರುವ ವಿಷಯವನ್ನು ಮಾತ್ರ ಹೇಳಬೇಕು. ಅದರಲ್ಲಿ ಇಲ್ಲದ್ದನ್ನು ಊಹಿಸಬಾರದು.

2. ಔಷಧಿ, ಅದರ ಪ್ರಮಾಣ, ರೋಗಲಕ್ಷಣ, ಪರೀಕ್ಷೆಯ ಫಲಿತಾಂಶ ಇವುಗಳ ಬಗ್ಗೆ ಸಲಹೆ ಕೊಡಬಾರದು. ವೈದ್ಯರನ್ನು ಕೇಳುವಂತೆ ತಿಳಿಸಿ ಸ್ವಯಂಸೇವಕರ ಸಂಖ್ಯೆಯನ್ನು ಕೊಡಬೇಕು.

3. ತುರ್ತು ಲಕ್ಷಣ ಕಂಡರೆ ಬೇರೆಲ್ಲ ಮಾತನ್ನೂ ಬಿಟ್ಟು 112ಕ್ಕೆ ಕರೆಮಾಡಲು ಹೇಳಬೇಕು.

4. ತಾನು ಯಂತ್ರವೆಂಬುದನ್ನು ಆರಂಭದಲ್ಲೇ ತಿಳಿಸಬೇಕು.

5. ಸದಸ್ಯರನ್ನು ಬಹುವಚನದಲ್ಲಿ ಸಂಬೋಧಿಸಿ, ಸರಳವಾದ ಕನ್ನಡದಲ್ಲಿ, ನಾಲ್ಕು ವಾಕ್ಯಗಳನ್ನು ಮೀರದಂತೆ ಉತ್ತರಿಸಬೇಕು.

ಎಲ್ಲೆಯ ಮೇಲಿನ ಪ್ರಶ್ನೆ

ಸೂಚನೆ ಬರೆದೊಡನೆ ಕೆಲಸ ಮುಗಿಯಿತೆನ್ನುವಂತಿಲ್ಲ. ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. ಶಿಬಿರದಲ್ಲಿ ಬರಿಹೊಟ್ಟೆಯ ರಕ್ತಪರೀಕ್ಷೆಯುಂಟು. ಕನಿಷ್ಠ 8 ಗಂಟೆ ಕಾಲ ನೀರಿನ ಹೊರತು ಏನನ್ನೂ ಸೇವಿಸದೆ ಬರಬೇಕೆಂದು ಪ್ರಕಟಣೆಯಲ್ಲಿದೆ. ಮಧುಮೇಹವುಳ್ಳ ಹಿರಿಯರೊಬ್ಬರು ಹೀಗೆ ಕೇಳುತ್ತಾರೆಂದಿಟ್ಟುಕೊಳ್ಳೋಣ: ‘ನಾಳೆ ಬರಿಹೊಟ್ಟೆಯಲ್ಲಿ ಬರುತ್ತೇನೆ. ಬೆಳಗಿನ ಇನ್ಸುಲಿನ್ ತೆಗೆದುಕೊಂಡೇ ಬರಲೇ?’

ಮೇಲ್ನೋಟಕ್ಕೆ ಇದು ಶಿಬಿರದ ನಿಯಮವನ್ನು ಕುರಿತ ಪ್ರಶ್ನೆ. ‘ಆಹಾರ ಮಾತ್ರ ಬೇಡ, ಔಷಧಿ ಎಂದಿನಂತೆ ಇರಲಿ’ ಎಂದು ಯಂತ್ರವು ಸೌಜನ್ಯದಿಂದ ಉತ್ತರಿಸಿದರೆ ಓದುವವರಿಗೆ ಅನುಮಾನವೇ ಬಾರದು. ಆದರೆ ಊಟಕ್ಕೆ ಮುಂಚೆ ತೆಗೆದುಕೊಳ್ಳುವ ಇನ್ಸುಲಿನ್ ಹಾಕಿಸಿಕೊಂಡು ಏನನ್ನೂ ತಿನ್ನದೆ ಸಾಲಿನಲ್ಲಿ ನಿಂತರೆ ರಕ್ತದಲ್ಲಿನ ಸಕ್ಕರೆಯ ಅಂಶ ಅಪಾಯಕರವಾಗಿ ಕುಸಿಯಬಹುದು. ನಡುಕ, ಬೆವರು, ಗೊಂದಲ, ಕೊನೆಗೆ ಪ್ರಜ್ಞಾಹೀನತೆಯೂ ಉಂಟಾಗಬಹುದು. ಇನ್ಸುಲಿನ್‌ನಲ್ಲಿ ಹಲವು ಬಗೆಗಳುಂಟು. ಎಲ್ಲವನ್ನೂ ತಾವಾಗಿಯೇ ನಿಲ್ಲಿಸುವುದೂ ಸರಿಯಲ್ಲ. ಆ ರೋಗಿಯನ್ನು ಬಲ್ಲ ವೈದ್ಯರೇ ಇದನ್ನು ಹೇಳಬೇಕು. ಸೂಚನಾ ಫಲಕದ ಪ್ರಶ್ನೆ ಎಲ್ಲಿ ಮುಗಿಯುತ್ತದೆ, ವೈದ್ಯರ ಪ್ರಶ್ನೆ ಎಲ್ಲಿ ಆರಂಭವಾಗುತ್ತದೆ ಎಂಬ ಎಲ್ಲೆ ಹೀಗೆ ಒಂದೇ ವಾಕ್ಯದ ನಡುವೆ ಹಾದುಹೋಗುವುದುಂಟು. ಆದುದರಿಂದ ಇಂಥ ಪ್ರಶ್ನೆಗಳನ್ನು ಶಿಬಿರದ ವೈದ್ಯರಿಂದಲೇ ಪಟ್ಟಿಮಾಡಿಸಿ, ಅವರು ಒಪ್ಪಿದ ಉತ್ತರಗಳನ್ನು ಸೂಚನೆಯಲ್ಲಿ ಮಾದರಿಯಾಗಿ ಸೇರಿಸುವುದು ಅವಶ್ಯ.

ಇದು ಕೇವಲ ಕಲ್ಪನೆಯ ಭಯವಲ್ಲ. ಆಹಾರಸೇವನೆಗೆ ಸಂಬಂಧಿಸಿದ ಮಾನಸಿಕ ವ್ಯಾಧಿಯುಳ್ಳವರಿಗೆ ನೆರವಾಗುವ ಅಮೆರಿಕದ ‘ನೇಡಾ’ ಸಂಸ್ಥೆಯು ‘ಟೆಸ್ಸಾ’ ಎಂಬ ಚಾಟ್‌ಬಾಟನ್ನು 2023ರಲ್ಲಿ ಹಿಂತೆಗೆದುಕೊಳ್ಳಬೇಕಾಯಿತು. ಅದು ಅಂಥ ರೋಗಿಗಳಿಗೆ ಸಲ್ಲದ ತೂಕ ಇಳಿಸುವ ಸಲಹೆಗಳನ್ನು ನೀಡಿದುದು ಬೆಳಕಿಗೆ ಬಂದಿತ್ತು. ಹೊಣೆ ಯಾರದೆಂಬ ಪ್ರಶ್ನೆಗೆ 2024ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನ್ಯಾಯಮಂಡಳಿಯೊಂದು ಉತ್ತರ ನೀಡಿತು. ಏರ್ ಕೆನಡಾ ವಿಮಾನ ಸಂಸ್ಥೆಯ ಚಾಟ್‌ಬಾಟ್ ರಿಯಾಯಿತಿಯ ಬಗ್ಗೆ ತಪ್ಪು ಮಾಹಿತಿ ಕೊಟ್ಟ ಪ್ರಕರಣದಲ್ಲಿ, ಅದರ ಮಾತಿಗೆ ತಾನು ಬಾಧ್ಯನಲ್ಲವೆಂಬ ಸಂಸ್ಥೆಯ ವಾದವನ್ನು ತಳ್ಳಿಹಾಕಿ, ಪ್ರಯಾಣಿಕರಿಗೆ ಪರಿಹಾರ ಕೊಡುವಂತೆ ಆಜ್ಞಾಪಿಸಿತು. ಅದು ಪರದೇಶದ ತೀರ್ಪಾದರೂ ಅದರ ನ್ಯಾಯ ಎಲ್ಲರಿಗೂ ತಿಳಿಯುವಂಥದು: ಗುಮಾಸ್ತನ ಮಾತಿಗೆ ಸಂಸ್ಥೆ ಹೊಣೆ.

ತುರ್ತು ಮಾತಿನ ಹಲವು ರೂಪಗಳು

‘ಬೆಳಗಿನಿಂದ ಎದೆನೋವು ಇದೆ, ಶಿಬಿರ ಯಾವತ್ತು?’ ಎಂಬ ಪ್ರಶ್ನೆಗೆ ‘ಮುಂದಿನ ಭಾನುವಾರ’ ಎಂಬ ಉತ್ತರ ಸತ್ಯವಾದರೂ ಘಾತಕ. ಇದನ್ನು ತಡೆಯಲು ಯಂತ್ರದ ವಿವೇಚನೆಯೊಂದನ್ನೇ ನೆಚ್ಚದೆ, ಪ್ರಶ್ನೆಯು ಕ್ಲೌಡಿಗೆ ಹೋಗುವ ಮುನ್ನವೇ ತುರ್ತು ಪದಗಳನ್ನು ಹುಡುಕುವ ಸಣ್ಣ ಪರಿಶೀಲನೆಯನ್ನು ಸಂಘದ ಪ್ರೋಗ್ರಾಮಿನಲ್ಲಿ ಇರಿಸಬೇಕು. ತಿಜೋರಿಗೆ ಎರಡು ಬೀಗ ಹಾಕುವಂತೆ ಇದು.

ಪದಪಟ್ಟಿಯನ್ನು ಮಾಡುವಾಗ ಗ್ರಂಥಸ್ಥ ಕನ್ನಡ ಸಾಲದು. ಮಹಾನಗರದ ಸಂಘದಲ್ಲಿ ಎಲ್ಲ ಜಿಲ್ಲೆಗಳ ಜನರಿರುತ್ತಾರೆ. ಮೈಸೂರಿನವರು ‘ಎದೆನೋವು’ ಎಂದರೆ ಧಾರವಾಡದವರು ‘ಎದಿ ಹಿಡದಂಗ ಆಗೈತಿ’ ಎಂದಾರು. ಮುಂಬಯಿಯಲ್ಲೇ ಹುಟ್ಟಿ ಬೆಳೆದವರು ‘ಛಾತಿಯಲ್ಲಿ ದರ್ದ್’ ಎಂದೂ ಬರೆದಾರು. ರೋಮನ್ ಲಿಪಿಯಲ್ಲಿ ಕನ್ನಡ ಬರೆಯುವವರೂ ಬಹಳ. ಈ ರೂಪಗಳನ್ನು ಸಂಗ್ರಹಿಸಲು ಪ್ರೋಗ್ರಾಮರಿಗಿಂತ ಸಂಘದ ಹಿರಿಯ ಮಹಿಳೆಯರೇ ಹೆಚ್ಚು ಸಮರ್ಥರು.

ಎದೆನೋವು ಇಲ್ಲದವರಿಗೂ ಕೆಲವೊಮ್ಮೆ ಎಚ್ಚರಿಕೆ ಹೋದೀತೆಂದು ಯಾರಾದರೂ ಆಕ್ಷೇಪಿಸಬಹುದು. ಜಮಾ–ಖರ್ಚಿನ ದೃಷ್ಟಿಯಿಂದ ನೋಡಿದರೂ ಇದಕ್ಕೆ ಸಮಾಧಾನವುಂಟು: ಅನಾವಶ್ಯಕ ಎಚ್ಚರಿಕೆಯ ನಷ್ಟ ಒಂದು ನಿಮಿಷ, ತಪ್ಪಿಹೋದ ಎಚ್ಚರಿಕೆಯ ನಷ್ಟ ಒಂದು ಜೀವ. ಸಂಖ್ಯೆಗಳ ವಿಷಯದಲ್ಲೂ ಸ್ಥಳವನ್ನು ಗಮನಿಸಬೇಕು. 112 ದೇಶದ ಏಕೀಕೃತ ತುರ್ತು ಸಂಖ್ಯೆ. ಕರ್ನಾಟಕದಲ್ಲಿ ಮನೆಮಾತಾಗಿರುವ 108 ಆಂಬ್ಯುಲೆನ್ಸ್ ಸೇವೆ ಮಹಾರಾಷ್ಟ್ರ, ತಮಿಳುನಾಡು, ತೆಲಂಗಾಣಗಳಲ್ಲಿಯೂ ಇದೆ. ಆದರೂ ಆಯಾ ನಗರದ ಸಂಖ್ಯೆಯನ್ನು ಸ್ವತಃ ಖಚಿತಪಡಿಸಿಕೊಂಡೇ ಬರೆಯುವುದು ಲೇಸು. ಮನಸ್ಸಿನ ಬೇಗೆಯನ್ನು ಹೇಳಿಕೊಳ್ಳುವವರಿಗೆ ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ–ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ತಿಳಿಸಬಹುದು.

ವೆಚ್ಚ ಮತ್ತು ಗೋಪ್ಯ

ಎ.ಪಿ.ಐ. ಸೇವೆಯ ಶುಲ್ಕವನ್ನು ಸಾಮಾನ್ಯವಾಗಿ ‘ಟೋಕನ್’ ಎಂಬ ಪದಖಂಡಗಳ ಲೆಕ್ಕದಲ್ಲಿ ವಿಧಿಸುತ್ತಾರೆ. ಕಳುಹಿಸಿದ್ದಕ್ಕೂ ಬಂದದ್ದಕ್ಕೂ ಲೆಕ್ಕವುಂಟು. ಇಂಗ್ಲಿಷಿನ ಒಂದಕ್ಷರಕ್ಕೆ ಯುಟಿಎಫ್–8 ಪದ್ಧತಿಯಲ್ಲಿ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೇಕು. ಮಾದರಿಗಳು ಕಲಿತ ಪಠ್ಯದಲ್ಲಿ ಕನ್ನಡದ ಪಾಲೂ ಕಡಿಮೆ. ಈ ಕಾರಣಗಳಿಂದ ಅದೇ ವಿಷಯಕ್ಕೆ ಕನ್ನಡದಲ್ಲಿ ಟೋಕನ್‌ಗಳು ಹೆಚ್ಚು ತಗಲುವುದು ಸಾಮಾನ್ಯ. ಹಳೆಯ ಸಂಭಾಷಣೆಯನ್ನು ಪ್ರತಿಸಲ ಕಳುಹಿಸುವುದರಿಂದ ಮಾತು ಬೆಳೆದಂತೆ ಬಿಲ್ಲೂ ಬೆಳೆಯುತ್ತದೆ. ಕೊನೆಯ ಕೆಲವು ಪ್ರಶ್ನೋತ್ತರಗಳನ್ನು ಮಾತ್ರ ಕಳುಹಿಸಿ ಇದನ್ನು ಹತೋಟಿಯಲ್ಲಿಡಬಹುದು.

ಹಣಕ್ಕಿಂತ ಸೂಕ್ಷ್ಮವಾದುದು ಗೋಪ್ಯ. ಸದಸ್ಯರು ಬರೆದ ರೋಗದ ವಿವರ ಹೊರಗಿನ ಕಂಪೆನಿಯ ಕಂಪ್ಯೂಟರಿಗೆ ಹೋಗುತ್ತದೆಂಬುದನ್ನು ಮರೆಯಬಾರದು. ಹೆಸರು, ವಿಳಾಸ, ಆಧಾರ್ ಸಂಖ್ಯೆಗಳನ್ನು ಯಂತ್ರವು ಕೇಳಲೇಕೂಡದು. ಸಂಭಾಷಣೆಯ ದಾಖಲೆಯನ್ನು ಯಾರು ನೋಡಬಹುದು, ಎಷ್ಟು ದಿನಗಳ ಬಳಿಕ ಅಳಿಸಬೇಕು ಎಂಬುದನ್ನು ಠರಾವಿನಲ್ಲೇ ಬರೆಯುವುದು ಉಚಿತ. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ಭಾರತದಲ್ಲಿ 2023ರಲ್ಲಿ ಅಧಿನಿಯಮವೇ ಬಂದಿದೆ.

ಉಪಯೋಗಕ್ಕೆ ಮುನ್ನ ಪರೀಕ್ಷೆ

ಲೆಕ್ಕ ಬರೆದವರೇ ಅದನ್ನು ತಪಾಸಣೆ ಮಾಡಬಾರದೆಂಬುದು ವ್ಯವಹಾರದಲ್ಲಿ ಹಳೆಯ ನಿಯಮ. ಅಂತೆಯೇ ಚಾಟ್‌ಬಾಟನ್ನು ರಚಿಸಿದವರ ಹೊರತಾಗಿ ಬೇರೆ ನಾಲ್ವರು ಅದನ್ನು ಪರೀಕ್ಷಿಸಬೇಕು. ಅವರಲ್ಲಿ ಒಬ್ಬರು ವೈದ್ಯರು, ಒಬ್ಬರು ಅರುವತ್ತು ದಾಟಿದವರು ಇರಲಿ. ಶಿಬಿರದ ದಿನಾಂಕ, ಪ್ರಕಟಣೆಯಲ್ಲಿಲ್ಲದ ಯಾವುದಾದರೂ ವಿಷಯ, ಇನ್ಸುಲಿನ್ ಪ್ರಶ್ನೆ, ಎದೆನೋವಿನ ಪ್ರಶ್ನೆ, ಈ ನಾಲ್ಕನ್ನೂ ಬೇರೆ ಬೇರೆ ಮಾತುಗಳಲ್ಲಿ ಹತ್ತು ಹತ್ತು ಸಲ ಕೇಳಿ ಉತ್ತರಗಳನ್ನು ಬರೆದಿಡಬೇಕು. ಮೊದಲನೆಯದಕ್ಕೆ ಸರಿಯಾದ ದಿನಾಂಕವೂ, ಎರಡನೆಯದಕ್ಕೆ ‘ತಿಳಿಯದು’ ಎಂಬ ಮಾತೂ, ಮೂರನೆಯದಕ್ಕೆ ವೈದ್ಯರ ಕಡೆಗೆ ದಾರಿಯೂ, ನಾಲ್ಕನೆಯದಕ್ಕೆ 112 ಎಂಬ ಸಂಖ್ಯೆಯೂ ಪ್ರತಿಸಲ ಬರಬೇಕು. ಕೊನೆಯ ಎರಡರಲ್ಲಿ ಒಂದು ಸಲ ತಪ್ಪಿದರೂ ಸೂಚನೆಯನ್ನು ತಿದ್ದಿ ಮೊದಲಿನಿಂದ ಪರೀಕ್ಷಿಸತಕ್ಕದ್ದು. ಕಂಪೆನಿಯು ಮಾದರಿಯನ್ನು ಬದಲಾಯಿಸಿದಾಗಲೂ ಇದೇ ಪರೀಕ್ಷೆ ಮತ್ತೆ ನಡೆಯಬೇಕು.

ಇಷ್ಟಾದರೂ ಸ್ವಯಂಸೇವಕರ ದೂರವಾಣಿಯನ್ನು ಮುಚ್ಚುವಂತಿಲ್ಲ. ಯಂತ್ರವು ಸಾಮಾನ್ಯ ಪ್ರಶ್ನೆಗಳನ್ನು ತಾನು ಹೊತ್ತುಕೊಂಡರೆ ಕಾರ್ಯದರ್ಶಿಗೆ ಒಂದಷ್ಟು ವೇಳೆ ಉಳಿಯುತ್ತದೆ. ಪರಸ್ಥಳದ ಮನೆಯಲ್ಲಿ ಮಗ ಸೊಸೆ ಕೆಲಸಕ್ಕೆ ಹೋದಮೇಲೆ ಒಬ್ಬರೇ ಕುಳಿತು, ಭಾಷೆ ಬಲ್ಲ ಒಂದು ದನಿಗಾಗಿ ಸಂಘಕ್ಕೆ ಫೋನ್ ಮಾಡುವ ಹಿರಿಯರೊಡನೆ ಎರಡು ನಿಮಿಷ ಹೆಚ್ಚು ಮಾತನಾಡಲು ಆ ವೇಳೆ ಒದಗಿದರೆ, ಚಾಟ್‌ಬಾಟಿಗೆ ಮಾಡಿದ ಖರ್ಚು ಸದ್ವ್ಯಯವೆಂದೇ ಲೆಕ್ಕ.