ಇಂಧನ ಪಂಪಿನ ತಂತಿ ಮತ್ತು ರಿಲೇ: ಮಾರ್ಪಡಿಸಿದ ಕಾರುಗಳಲ್ಲಿ ಕಾಣದ ಸೋರಿಕೆಯ ಲೆಕ್ಕ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಾಹನ ಬಿಡಿಭಾಗಗಳ ವ್ಯಾಪಾರ ನಡೆಸುವವರಿಗೂ, ಪೀಣ್ಯ, ಬೇಲೂರು, ಗೋಕುಲ ರಸ್ತೆ ಮುಂತಾದ ಕೈಗಾರಿಕಾ ಪ್ರದೇಶಗಳಲ್ಲಿ ತಂತಿಜೋಡಣೆ ಸಿದ್ಧಪಡಿಸುವ ಸಣ್ಣ ಘಟಕಗಳಿಗೂ ಮಾರ್ಪಡಿಸಿದ ಕಾರುಗಳ ಗಿರಾಕಿ ಹೊಸಬನಲ್ಲ. ರ‍್ಯಾಲಿಗೆ ಸಿದ್ಧವಾಗುವ ಕಾರು, ಟರ್ಬೊ ಅಳವಡಿಸಿಕೊಂಡ ಕಾರು, ದೊಡ್ಡ ಎಂಜಿನ್ ಕೂರಿಸಿಕೊಂಡ ಹಳೆಯ ಜಿಪ್ಸಿ, ಇವೆಲ್ಲಕ್ಕೂ ಮೊದಲು ಬೇಕಾಗುವುದು ಹೆಚ್ಚು ಇಂಧನ. ಮಾಲೀಕನು ಸಾವಿರಾರು ರೂಪಾಯಿ ತೆತ್ತು ಹೆಚ್ಚು ಸಾಮರ್ಥ್ಯದ ಪಂಪನ್ನು ಕೊಳ್ಳುತ್ತಾನೆ. ಆದರೆ ಅದಕ್ಕೆ ವಿದ್ಯುತ್ತನ್ನು ಒಯ್ಯುವ ತಂತಿಯನ್ನು ಹಾಗೆಯೇ ಬಿಡುತ್ತಾನೆ. ಗೋದಾಮನ್ನು ಇಮ್ಮಡಿಗೊಳಿಸಿ ಬಾಗಿಲನ್ನು ಮಾತ್ರ ಹಳೆಯ ಅಳತೆಗೇ ಉಳಿಸಿಕೊಂಡಂತಾಗುತ್ತದೆ ಇದು.

ಕಾರ್ಬ್ಯುರೇಟರ್ ಕಾಲದ ಕಾರುಗಳಲ್ಲಿ ಹೆಚ್ಚಿನವಕ್ಕೆ ಎಂಜಿನ್ನೇ ನಡೆಸುವ ಯಾಂತ್ರಿಕ ಪಂಪಿತ್ತು. ವಿದ್ಯುತ್ತಿನ ಪ್ರಶ್ನೆಯೇ ಏಳುತ್ತಿರಲಿಲ್ಲ. ಇಂಜೆಕ್ಷನ್ ವ್ಯವಸ್ಥೆ ಬಂದ ಮೇಲೆ ಪಂಪು ಟ್ಯಾಂಕಿನೊಳಗೆ ಹೋಯಿತು, ಸಾಮಾನ್ಯವಾಗಿ 3ರಿಂದ 4 ಬಾರ್ ಒತ್ತಡದಲ್ಲಿ ಪೆಟ್ರೋಲನ್ನು ದೂಡತೊಡಗಿತು. ಈ ಪಂಪು ನೇರ ವಿದ್ಯುತ್ತಿನ ಒಂದು ಮೋಟಾರು. ಅದರ ವೇಗ ದೊರೆಯುವ ವೋಲ್ಟೇಜನ್ನು ಅವಲಂಬಿಸಿದೆ. ತಯಾರಕರು ಗಂಟೆಗೆ 255 ಲೀಟರ್ ಎಂದು ಪೆಟ್ಟಿಗೆಯ ಮೇಲೆ ಮುದ್ರಿಸುವ ಅಂಕಿ ಬಹುಮಟ್ಟಿಗೆ 13.5 ವೋಲ್ಟಿನ ಪರೀಕ್ಷೆಯದು. ಪಂಪಿನ ಬಾಯಿಗೆ 11.5 ವೋಲ್ಟು ಮಾತ್ರ ತಲುಪಿದರೆ ಆ ಅಂಕಿ ಕಾಗದದ ಮೇಲಷ್ಟೇ ಉಳಿಯುತ್ತದೆ. ಒತ್ತಡ ಹೆಚ್ಚಿದಷ್ಟೂ ಕೊರತೆಯೂ ಹೆಚ್ಚುತ್ತದೆ. ಎಂಜಿನ್ನಿಗೆ ಇಂಧನ ಅತ್ಯಂತ ಅವಶ್ಯವಾದ ಗಳಿಗೆಯಲ್ಲಿಯೇ ಪಂಪು ಸೋಲುತ್ತದೆ. ಪೂರ್ಣ ಭಾರದಲ್ಲಿ ಇಂಧನ ಕಡಿಮೆಯಾಗಿ ಗಾಳಿ ಹೆಚ್ಚಾದರೆ ಸಿಲಿಂಡರಿನ ಉಷ್ಣತೆ ಏರಿ, ಅಕಾಲ ಸ್ಫೋಟವುಂಟಾಗಿ, ಪಿಸ್ಟನ್ ಕರಗುವವರೆಗೂ ಹೋಗಬಹುದು. ದೇಶದಲ್ಲಿ ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್ ಬಂದ ಮೇಲೆ ಅದೇ ಶಕ್ತಿಗೆ ಸ್ವಲ್ಪ ಹೆಚ್ಚು ಇಂಧನ ಬೇಕಾಗಿರುವುದರಿಂದ ಉಳಿದಿದ್ದ ಅಂತರವೂ ಕಿರಿದಾಗಿದೆ.

ಸಾಗಣೆಯ ಸೋರಿಕೆ

ವ್ಯಾಪಾರಿಗಳಿಗೆ ಸಾಗಣೆಯಲ್ಲಾಗುವ ಸೋರಿಕೆ ಪರಿಚಿತ ವಿಷಯ. ಇಲ್ಲಿಯಾದರೂ ಅಷ್ಟೆ: ಬ್ಯಾಟರಿಯಿಂದ ಹೊರಟ 14 ವೋಲ್ಟಿನಲ್ಲಿ ಎಷ್ಟು ಪಂಪಿಗೆ ಸೇರಿತು ಎಂಬುದೇ ಪ್ರಶ್ನೆ. ಲೆಕ್ಕಕ್ಕೆ ಬೇಕಾದುದು ಮೂರೇ ಅಂಕಿಗಳು: ತಂತಿಯ ಉದ್ದ, ಅದರ ಅಡ್ಡಕೊಯ್ತ, ಹರಿಯುವ ಆಂಪಿಯರ್. ವಾಹನ ತಂತಿಗಳ ಮಾನದಂಡದ ಪ್ರಕಾರ 0.75 ಚದರ ಮಿ.ಮೀ. ತಾಮ್ರದ ತಂತಿಯ ಪ್ರತಿರೋಧ ಮೀಟರಿಗೆ ಗರಿಷ್ಠ 24.7 ಮಿಲಿಓಮ್, 4 ಚದರ ಮಿ.ಮೀ. ತಂತಿಯದು 4.71 ಮಿಲಿಓಮ್.

ಮೂಲ ಪಂಪು 6 ಆಂಪಿಯರ್ ಎಳೆಯುತ್ತದೆ, ತಂತಿ 0.75 ಚದರ ಮಿ.ಮೀ. ದಪ್ಪದ್ದು, ಹೋಗುವ ದಾರಿ 5 ಮೀಟರ್, ಭೂಸಂಪರ್ಕದ ಮರುದಾರಿ 1 ಮೀಟರ್ ಎಂದಿಟ್ಟುಕೊಳ್ಳೋಣ. ಆರು ಮೀಟರಿನ ಪ್ರತಿರೋಧ 148 ಮಿಲಿಓಮ್. ಆರು ಆಂಪಿಯರಿಗೆ ಸುಮಾರು 0.9 ವೋಲ್ಟು ನಷ್ಟ. ಕಾರ್ಖಾನೆಯವರು ಈ ನಷ್ಟವನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಪಂಪನ್ನು ಆರಿಸಿರುತ್ತಾರೆ, ಅವರನ್ನು ದೂರುವಂತಿಲ್ಲ. ಈಗ ಅದೇ ತಂತಿಗೆ 15 ಆಂಪಿಯರ್ ಎಳೆಯುವ ಹೊಸ ಪಂಪನ್ನು ಕಟ್ಟಿದರೆ ತಂತಿಯೊಂದರಲ್ಲಿಯೇ 2.2 ವೋಲ್ಟು ಹೋಗುತ್ತದೆ. ಹಳೆಯ ರಿಲೇ, ಫ್ಯೂಸು, ತುಕ್ಕು ಹಿಡಿದ ಕೀಲುಗಳು ದಲ್ಲಾಳಿಗಳಂತೆ ತಮ್ಮ ತಮ್ಮ ಪಾಲನ್ನು ಪ್ರತ್ಯೇಕವಾಗಿ ಕಡಿದುಕೊಳ್ಳುತ್ತವೆ. ಅವುಗಳ ಪಾಲು 0.3 ವೋಲ್ಟು ಎಂದರೂ ಪಂಪಿಗೆ ಉಳಿಯುವುದು 11.5. ಹೋದ ವಿದ್ಯುತ್ತು ಮಾಯವಾಗುವುದಿಲ್ಲ. ಸುಮಾರು 33 ವ್ಯಾಟ್ ಶಾಖವಾಗಿ ನೆಲಹಾಸಿನ ಕೆಳಗಿನ ತಂತಿಕಟ್ಟಿನೊಳಗೆ ಕುಳಿತುಕೊಳ್ಳುತ್ತದೆ. ಪ್ಲಾಸ್ಟಿಕ್ ಕನೆಕ್ಟರುಗಳು ಕಂದುಬಣ್ಣಕ್ಕೆ ತಿರುಗುವುದು ಇಲ್ಲಿಂದಲೇ.

ಇನ್ನು ಬ್ಯಾಟರಿಯಿಂದಲೇ 4 ಚದರ ಮಿ.ಮೀ. ತಂತಿಯನ್ನು ಎಳೆದರೆ, ದಾರಿ 6 ಮೀಟರಾದರೂ ನಷ್ಟ 0.42 ವೋಲ್ಟು. ಅದೇ ದಪ್ಪದ ಒಂದು ಮೀಟರ್ ಭೂಸಂಪರ್ಕಕ್ಕೆ 0.07. ಹೊಸ ರಿಲೇ ಮತ್ತು ಫ್ಯೂಸಿಗೆ 0.2 ಸೇರಿಸಿದರೂ ಪಂಪಿಗೆ 13.3 ವೋಲ್ಟು ಸೇರುತ್ತದೆ. ಧನ ತಂತಿಯನ್ನು ದಪ್ಪಗೊಳಿಸಿ ಭೂಸಂಪರ್ಕವನ್ನು ಹಳೆಯದಕ್ಕೇ ಬಿಡುವ ಕ್ರಮ ನಮ್ಮ ಗ್ಯಾರೇಜುಗಳಲ್ಲಿ ವ್ಯಾಪಕವಾಗಿದೆ. ಜಮೆ ಬರೆದು ಖರ್ಚು ಬರೆಯದ ಪುಸ್ತಕದಂತೆ ಅದು ಎಂದಿಗೂ ತಾಳೆಯಾಗುವುದಿಲ್ಲ.

ಅಳತೆ ಮಾಡುವ ಕ್ರಮದಲ್ಲಿಯೂ ಒಂದು ಸಾಮಾನ್ಯ ತಪ್ಪು ಕಾಣುತ್ತದೆ. ಪಂಪಿನ ಕನೆಕ್ಟರನ್ನು ಕಳಚಿ ಮೀಟರ್ ಹಿಡಿದರೆ, ಒಂದೇ ಎಳೆ ಉಳಿದಿರುವ ತಂತಿಯೂ ಪೂರ್ಣ ವೋಲ್ಟೇಜನ್ನು ತೋರಿಸುತ್ತದೆ. ಏಕೆಂದರೆ ಆಗ ಹರಿವೇ ಇಲ್ಲ. ಪಂಪು ಓಡುತ್ತಿರುವಾಗ, ಬ್ಯಾಟರಿಯ ಧನ ತುದಿಗೂ ಪಂಪಿನ ಧನ ತುದಿಗೂ ನಡುವೆ ಒಮ್ಮೆ, ಋಣ ತುದಿಗಳ ನಡುವೆ ಮತ್ತೊಮ್ಮೆ ಅಳೆಯತಕ್ಕದ್ದು. ಮೀಟರು ನೇರವಾಗಿ ನಷ್ಟವನ್ನೇ ತೋರಿಸುತ್ತದೆ.

ರಿಲೇಯ ಪಾತ್ರ

ರಿಲೇ ಎಂಬುದು ಸಣ್ಣ ಪ್ರವಾಹದ ಆಜ್ಞೆಯಿಂದ ದೊಡ್ಡ ಪ್ರವಾಹವನ್ನು ನಡೆಸುವ ಗುಮಾಸ್ತ. ಅದರ ಕಾಲುಗಳ ಮೇಲಿನ ಸಂಖ್ಯೆಗಳು ಜರ್ಮನಿಯ ಡಿಐಎನ್ 72552 ಮಾನದಂಡದವು: 30ಕ್ಕೆ ಬ್ಯಾಟರಿಯಿಂದ ಬರುವ ತಂತಿ, 87ರಿಂದ ಪಂಪಿಗೆ ಹೋಗುವ ತಂತಿ, 85 ಮತ್ತು 86 ಸುರುಳಿಯ ಎರಡು ತುದಿಗಳು. ಸುರುಳಿಗೆ ಬೇಕಾಗುವುದು 0.2 ಆಂಪಿಯರಿನ ಆಸುಪಾಸು. ಆದ್ದರಿಂದ ಪಂಪಿಗೆ ಬರುತ್ತಿದ್ದ ಹಳೆಯ ಕಾರ್ಖಾನೆಯ ತಂತಿಯನ್ನು ಬಿಸಾಡದೆ ಅದನ್ನು 86ಕ್ಕೆ ಕೊಟ್ಟು ಆಜ್ಞೆಯ ತಂತಿಯಾಗಿಸುವುದೇ ಸರಿಯಾದ ಕ್ರಮ.

ಈ ಒಂದು ಅಂಶ ಇಡೀ ಕೆಲಸದ ಜೀವಾಳ. ಇಂಜೆಕ್ಷನ್ ಕಾರಿನ ಕಂಪ್ಯೂಟರ್ ಕೀಲಿ ತಿರುವಿದಾಗ ಕೆಲವು ಕ್ಷಣ ಮಾತ್ರ ಪಂಪನ್ನು ಓಡಿಸಿ ಒತ್ತಡ ಕಟ್ಟುತ್ತದೆ. ನಂತರ ಎಂಜಿನ್ ತಿರುಗುತ್ತಿರುವ ಸಂಕೇತ ಬರುತ್ತಿದ್ದರಷ್ಟೇ ಮುಂದುವರಿಸುತ್ತದೆ. ಅಪಘಾತದಲ್ಲಿ ಎಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ. ಕೆಲವು ಕಾರುಗಳಲ್ಲಿ ಆಘಾತಕ್ಕೆ ಪಂಪನ್ನು ನಿಲ್ಲಿಸುವ ಪ್ರತ್ಯೇಕ ಸ್ವಿಚ್ಚೂ ಇರುತ್ತದೆ. ಹಳೆಯ ತಂತಿಯ ಆಜ್ಞೆಯಡಿ ಹೊಸ ರಿಲೇ ಇದ್ದರೆ ಈ ರಕ್ಷಣೆ ಉಳಿಯುತ್ತದೆ. ಕೆಲಸ ಬೇಗ ಮುಗಿಯಲೆಂದು ಸುರುಳಿಯನ್ನು ನೇರವಾಗಿ ಇಗ್ನಿಷನ್ ಕೀಲಿಗೆ ಕಟ್ಟಿದರೆ, ಕಾರು ಮಗುಚಿ ಇಂಧನದ ಕೊಳವೆ ಹರಿದಿರುವಾಗಲೂ ಪಂಪು ಪೆಟ್ರೋಲನ್ನು ಬಿಸಿ ಎಂಜಿನ್ನಿನ ಮೇಲೆ ಸುರಿಯುತ್ತಲೇ ಇರುತ್ತದೆ. ಇದನ್ನು ಉಳಿತಾಯವೆನ್ನಲಾಗದು.

ಫ್ಯೂಸು ಬ್ಯಾಟರಿಗೆ ಸಾಧ್ಯವಾದಷ್ಟು ಹತ್ತಿರ, ಗೇಣಿನೊಳಗೆ ಇರಬೇಕು. ಫ್ಯೂಸು ಕಾಪಾಡುವುದು ಪಂಪನ್ನಲ್ಲ, ತಂತಿಯನ್ನು. ಪಂಪಿನ ಬಳಿ ಫ್ಯೂಸು ಇಟ್ಟರೆ ಅದಕ್ಕೆ ಮುಂಚಿನ ಆರು ಮೀಟರ್ ತಂತಿ ಎಲ್ಲಿ ಲೋಹಕ್ಕೆ ಉಜ್ಜಿದರೂ ತಡೆಯುವವರಿಲ್ಲ. 15 ಆಂಪಿಯರ್ ಪಂಪಿಗೆ 20 ಅಥವಾ 25ರ ಫ್ಯೂಸು, ಅದಕ್ಕಿಂತ ಹೆಚ್ಚು ತಾಳುವ ತಂತಿ, 30 ಅಥವಾ 40 ಆಂಪಿಯರಿನ ರಿಲೇ ಎಂಬುದು ಸಾಮಾನ್ಯ ಹೊಂದಾಣಿಕೆ. ಟ್ಯಾಂಕಿನ ಮುಚ್ಚಳದಲ್ಲಿರುವ ಕನೆಕ್ಟರಿನ ಪಿನ್ನುಗಳನ್ನೂ ಮರೆಯಬಾರದು. ಹೊರಗೆ 4 ಚದರ ಮಿ.ಮೀ. ಎಳೆದು ಒಳಗೆ ಹಳೆಯ ಪಿನ್ನನ್ನೇ ಬಿಟ್ಟರೆ ಶಾಖವೆಲ್ಲ ಅಲ್ಲಿಯೇ ಕೂಡುತ್ತದೆ. ಟ್ಯಾಂಕಿನೊಳಗಿನ ತಂತಿಗೆ ಇಂಧನವನ್ನು ತಾಳುವ ಹೊದಿಕೆಯೇ ಬೇಕು.

ಎಲ್ಲ ಕಾರಿಗೂ ಈ ಮದ್ದು ಒಗ್ಗುವುದಿಲ್ಲ. ಹೊಸ ಮಾದರಿಗಳಲ್ಲಿ ಹಲವು, ಪಂಪಿಗೆ ತುಂಡುತುಂಡಾದ ವಿದ್ಯುತ್ ಸ್ಪಂದನಗಳನ್ನು ಕಳುಹಿಸಿ ವೇಗವನ್ನು ಬೇಕಾದಷ್ಟಕ್ಕೆ ನಿಯಂತ್ರಿಸುತ್ತವೆ. ಆ ತಂತಿಯನ್ನು ಸಾಮಾನ್ಯ ರಿಲೇಯ ಸುರುಳಿಗೆ ಕೊಟ್ಟರೆ ರಿಲೇ ಕಟಕಟನೆ ಬಡಿದುಕೊಂಡು ಬೇಗನೆ ಹಾಳಾಗುತ್ತದೆ. ಸದಾ ಪೂರ್ಣ ವೇಗದಲ್ಲಿ ಓಡುವ ದೊಡ್ಡ ಪಂಪು ಹೆಚ್ಚುವರಿ ಇಂಧನವನ್ನು ಮತ್ತೆ ಮತ್ತೆ ಟ್ಯಾಂಕಿಗೆ ಮರಳಿಸಿ ಅದನ್ನು ಬಿಸಿಮಾಡುವುದೂ ಉಂಟು.

ಸರಕಿನ ಪರೀಕ್ಷೆ

ವ್ಯಾಪಾರಿಗಳು ಹೆಚ್ಚು ಎಚ್ಚರ ವಹಿಸಬೇಕಾದುದು ಇಲ್ಲಿ. ಮಾರುಕಟ್ಟೆಯಲ್ಲಿ ತಾಮ್ರದ ತಂತಿಯೆಂಬ ಹೆಸರಿನಲ್ಲಿ ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿಯೂ ಸಿಗುತ್ತದೆ. ಕಣ್ಣಿಗೆ ವ್ಯತ್ಯಾಸವಿಲ್ಲ. ಆದರೆ ಅದರ ಪ್ರತಿರೋಧ ತಾಮ್ರದ ಸುಮಾರು 1.6 ಪಟ್ಟು; 4 ಚದರ ಮಿ.ಮೀ. ಎಂದು ಕೊಂಡದ್ದು 2.5ರಂತೆ ಕೆಲಸ ಮಾಡುತ್ತದೆ. ಅದುಮಿದ ಕೀಲುಗಳಲ್ಲಿ ಕಾಲಕ್ರಮೇಣ ಸಡಿಲವಾಗುವ ದೋಷವೂ ಇದೆ. ಪತ್ತೆಗೆ ಪ್ರಯೋಗಾಲಯ ಬೇಕಿಲ್ಲ, ತಕ್ಕಡಿ ಸಾಕು. 4 ಚದರ ಮಿ.ಮೀ. ತಂತಿಯ 100 ಮೀಟರ್ ಸುರುಳಿಯಲ್ಲಿ ಹೊದಿಕೆ ಬಿಟ್ಟು ಸುಮಾರು 3.6 ಕಿಲೋ ತಾಮ್ರವಿರಬೇಕು. ಲೇಪದ ತಂತಿಯಾದರೆ ಅದರ ಅರ್ಧಕ್ಕಿಂತಲೂ ಕಡಿಮೆ ತೂಗುತ್ತದೆ. ಒಂದು ಮೀಟರನ್ನು ಸುಲಿದು ತೂಗಿದರೆ 36 ಗ್ರಾಂ ಆಸುಪಾಸು ಬರಬೇಕು. ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬಿಳಿ ಕಂಡೀತು. ತವರ ಲೇಪಿಸಿದ ಅಸಲಿ ತಾಮ್ರ ಇದಕ್ಕೆ ತದ್ವಿರುದ್ಧ, ಹೊರಗೆ ಬಿಳಿ, ಒಳಗೆ ಕೆಂಪು. ಅದನ್ನು ನಕಲಿಯೆಂದು ಹಿಂದಿರುಗಿಸಬಾರದು.

ಅಳತೆಯ ಗೊಂದಲವೂ ಇದೆ. ಅಮೆರಿಕದ ಗೇಜಿನಲ್ಲಿ 12 ಎಂದರೆ 3.3 ಚದರ ಮಿ.ಮೀ., 10 ಎಂದರೆ 5.3. ಬ್ರಿಟಿಷ್ ಗೇಜಿನ ಅದೇ ಸಂಖ್ಯೆಗಳ ಅಳತೆ ಬೇರೆ. ದಪ್ಪ ಹೊದಿಕೆಯಿಂದ ತಂತಿ ದಪ್ಪವಾಗಿ ಕಾಣುವುದು ಬೇರೊಂದು ಕಥೆ. ಬಿಲ್ಲಿನಲ್ಲಿ ಚದರ ಮಿ.ಮೀ. ನಮೂದಿಸುವಂತೆ ಸರಬರಾಜುದಾರನನ್ನು ಕೇಳುವುದು ಒಳಿತು. ಮನೆಯ ತಂತಿಯ ಸಾಮಾನ್ಯ ಪಿ.ವಿ.ಸಿ. ಹೊದಿಕೆ 70 ಡಿಗ್ರಿ ಸೆಲ್ಸಿಯಸಿಗೆ ನಿಗದಿಯಾದದ್ದು. ಎಂಜಿನ್ ಕೋಣೆಗೆ 100 ಅಥವಾ 125 ಡಿಗ್ರಿ ತಾಳುವ ವಾಹನ ತಂತಿಯೇ ಬೇಕು.

ಇಡೀ ಕೆಲಸಕ್ಕೆ ಬೇಕಾಗುವ ತಂತಿ ಏಳು ಮೀಟರ್, ಅಂದರೆ ತಾಮ್ರ ಕಾಲು ಕಿಲೋ. ಕಿಲೋಗೆ ಸಾವಿರ ರೂಪಾಯಿ ಹಿಡಿದರೂ ಇನ್ನೂರೈವತ್ತು ರೂಪಾಯಿಯ ಲೋಹ. ನಕಲಿ ತಂತಿಯಿಂದ ಉಳಿಯುವುದು ಇದರೊಳಗಿನ ಒಂದು ಭಾಗ; ಪಣಕ್ಕಿಟ್ಟದ್ದು ಒಂದು ಎಂಜಿನ್.

ಕಾನೂನು, ವಿಮೆ, ತೆರಿಗೆ

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಪ್ರಕರಣ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಪ್ರಕರಣದಂತೆ, ಅನುಮತಿಯಿಲ್ಲದ ಬದಲಾವಣೆಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಬದಲಾವಣೆಗೆ 5,000 ರೂ. ದಂಡ, ಅಥವಾ ಎರಡೂ ಆಗಬಹುದು. ತಂತಿ ಮತ್ತು ರಿಲೇಯ ಬದಲಾವಣೆ ತಾನಾಗಿಯೇ ನೋಂದಣಿ ವಿವರವನ್ನು ಬದಲಿಸುವುದಿಲ್ಲ. ಆದರೆ ಅದು ಯಾವ ಎಂಜಿನ್ನಿಗಾಗಿ ಎಂಬುದು ಪ್ರಶ್ನೆಗೆ ಬರುತ್ತದೆ. ಕೆಲಸ ಒಪ್ಪಿಕೊಳ್ಳುವ ಮೊದಲು ನೋಂದಣಿ ಪತ್ರವನ್ನು ನೋಡುವುದು ಕಾರ್ಯಾಗಾರದ ಹಿತಕ್ಕೇ.

ಖಾಸಗಿ ಕಾರಿನ ಪ್ಯಾಕೇಜ್ ಪಾಲಿಸಿಯಲ್ಲಿ ಬೆಂಕಿ ಮತ್ತು ಸ್ವಯಂದಹನಕ್ಕೆ ರಕ್ಷಣೆಯಿದೆ. ವಿದ್ಯುತ್ ಅಥವಾ ಯಾಂತ್ರಿಕ ಕೆಡುಕಿಗೆ ಇಲ್ಲ. ತಯಾರಕರ ಮಾರಾಟ ಬೆಲೆಯಲ್ಲಿ ಸೇರದ ವಿದ್ಯುತ್ ಜೋಡಣೆಗಳಿಗೆ ಐ.ಎಂ.ಟಿ. 24 ಎಂಬ ಪ್ರತ್ಯೇಕ ಅನುಮೋದನೆ ಪಡೆಯಬೇಕಾಗುತ್ತದೆ. ತಿಳಿಸದೆ ಮಾಡಿದ ಬದಲಾವಣೆ ಬೆಂಕಿಯ ನಂತರ ಸರ್ವೇಯರ್ ಕಣ್ಣಿಗೆ ಬಿದ್ದರೆ ಪರಿಹಾರದ ಅರ್ಜಿ ತಕರಾರಿಗೆ ಸಿಲುಕುತ್ತದೆ. ಗ್ರಾಹಕ ಅಲ್ಲಿಗೇ ಸುಮ್ಮನಾಗುವುದಿಲ್ಲ, ಜೋಡಿಸಿದವನತ್ತ ತಿರುಗುತ್ತಾನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 85ನೆಯ ಪ್ರಕರಣ, ದೋಷಪೂರ್ಣ ಸೇವೆಗೂ, ಸಾಕಷ್ಟು ಸೂಚನೆ ಅಥವಾ ಎಚ್ಚರಿಕೆ ನೀಡದಿದ್ದುದಕ್ಕೂ ಸೇವೆ ನೀಡಿದವನನ್ನು ಹೊಣೆಯಾಗಿಸುತ್ತದೆ.

ಸರಕು ಮತ್ತು ಸೇವಾ ತೆರಿಗೆಯಲ್ಲಿ ಈಗ ಗೊಂದಲ ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ಇಂಧನ ಪಂಪು ಶೇ. 28ರಿಂದ ಶೇ. 18ಕ್ಕೆ ಇಳಿದು, ತಂತಿ, ರಿಲೇ, ದುರಸ್ತಿ ಸೇವೆಗಳ ಸಾಲಿಗೇ ಬಂದಿದೆ. ಕಂಪನಿಯ ಹೆಸರಿನ ಪ್ರಯಾಣಿಕ ಕಾರಿಗೆ ಈ ಕೆಲಸ ಮಾಡಿಸಿದರೆ, ವಿನಾಯಿತಿಯ ಕೆಲವು ಸಂದರ್ಭಗಳನ್ನು ಬಿಟ್ಟು, 17(5)ನೆಯ ಪ್ರಕರಣದಂತೆ ಹೂಡುವಳಿ ತೆರಿಗೆಯ ಜಮೆ ದೊರೆಯದು.

ಕಾರ್ಯಾಗಾರದ ಜಾಬ್ ಕಾರ್ಡಿನಲ್ಲಿ ಕೆಲಸಕ್ಕೆ ಮುಂಚಿನ ಮತ್ತು ನಂತರದ ವೋಲ್ಟೇಜ್ ನಷ್ಟ, ತಂತಿಯ ಅಡ್ಡಕೊಯ್ತ, ಫ್ಯೂಸಿನ ಆಂಪಿಯರ್, ರಿಲೇಗೆ ಆಜ್ಞೆ ಎಲ್ಲಿಂದ ಎಂಬ ವಿವರ, ಎಂಜಿನ್ ನಿಲ್ಲಿಸಿದಾಗ ಪಂಪು ನಿಂತಿತೆಂಬ ಪರೀಕ್ಷೆಯ ಫಲ, ವಿಮಾ ಕಂಪನಿಗೆ ತಿಳಿಸಲು ಹೇಳಿದ ಸೂಚನೆ, ಇವೆಲ್ಲವನ್ನೂ ಬರೆದು ಗ್ರಾಹಕನ ಸಹಿ ಪಡೆಯತಕ್ಕದ್ದು. ತಂತಿ ಕೊಂಡ ಬಿಲ್ಲಿನ ಪ್ರತಿಯನ್ನೂ, ಅದೇ ಸುರುಳಿಯಿಂದ ಕತ್ತರಿಸಿದ ಗೇಣುದ್ದದ ತುಂಡನ್ನೂ ಕಾರ್ಡಿಗೆ ಲಗತ್ತಿಸಿಡಬೇಕು. ಮಳೆಗಾಲ ಮುಗಿದ ಮೇಲೆ ಭೂಸಂಪರ್ಕದ ಕೀಲನ್ನು ಬಿಚ್ಚಿ ಕೆರೆದು ಮತ್ತೆ ಅಳೆದರೆ, ಆ ಅಂಕಿಯನ್ನೂ ಅದೇ ಕಾರ್ಡಿನಲ್ಲಿ ಸೇರಿಸಬಹುದು.