ಪಿಲಾಟೀಸ್: ಮೊದಲು ಉಸಿರು, ಆಮೇಲೆ ಕಾಲು

ಪಿಲಾಟೀಸ್ ಎಂಬ ಅಂಗಸಾಧನೆಯು ಮಹಾನಗರಗಳ ಧನಿಕರಿಗೆ ಮೀಸಲಾದುದೆಂದು ದೂರವಿರುವವರು ಕೆಲವರಾದರೆ, ಮೊಬೈಲಿನಲ್ಲಿ ಕಂಡದ್ದನ್ನೇ ಅನುಕರಿಸಿ, ಮೊದಲ ದಿನವೇ ಎರಡೂ ಕಾಲುಗಳನ್ನು ಮೇಲೆತ್ತಿ, ಉಸಿರು ಬಿಗಿಹಿಡಿದು, ಮರುದಿನ ಸೊಂಟನೋವಿನಿಂದ ಏಳಲಾರದವರು ಹಲವರು. ಈ ಎರಡನೆಯ ವರ್ಗದವರನ್ನು ದಾಂಡೇಲಿ, ಹಳಿಯಾಳದ ಕಡೆ ಹೆಚ್ಚಾಗಿ ಕಾಣುತ್ತಿರುವುದರಿಂದ ಈ ನಾಲ್ಕು ಮಾತುಗಳನ್ನು ಬರೆಯಬೇಕಾಯಿತು.

1883ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಬಾಲ್ಯದಲ್ಲಿ ಉಬ್ಬಸದಿಂದ ಬಳಲಿದ ಈ ಸಾಧನೆಯ ಪ್ರವರ್ತಕ ಜೋಸೆಫ್ ಪಿಲಾಟೀಸನು ಪ್ರಥಮ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರ ಬಂಧನಶಿಬಿರದಲ್ಲಿದ್ದು, ತರುವಾಯ ನ್ಯೂಯಾರ್ಕಿನಲ್ಲಿ ನೆಲೆಸಿ, 1945ರ ತನ್ನ ಗ್ರಂಥದಲ್ಲಿ ಚಾಪೆಯ ಮೇಲೆ ಮಾಡತಕ್ಕ 34 ಅಭ್ಯಾಸಗಳನ್ನು ನಿರೂಪಿಸಿದನು. ಚರಿತ್ರೆ ಇಷ್ಟು ಸಾಕು.

ದಾಂಡೇಲಿಯ ಪೇಪರ್ ಮಿಲ್ಲಿನಲ್ಲಿ ಪಾಳಿಯುದ್ದಕ್ಕೂ ನಿಲ್ಲುವವರು, ಮುಂಡಗೋಡದ ಗದ್ದೆಗಳಲ್ಲಿ ಬಾಗಿ ನಾಟಿ ಮಾಡುವ ಹೆಂಗಸರು, ಅಲ್ಲಿಯ ಟಿಬೆಟಿಯನ್ ಕ್ಯಾಂಪಿನಲ್ಲಿ ಬಹುಹೊತ್ತು ಪಠಣಕ್ಕೆ ಕೂರುವ ಭಿಕ್ಷುಗಳು, ಜೊಯಿಡಾದ ಗಣೇಶಗುಡಿಯಲ್ಲಿ ಕಾಳಿ ನದಿಯ ಪ್ರವಾಹದೊಡನೆ ಸೆಣಸಿ ರಾಫ್ಟ್ ನಡೆಸುವ ತರುಣರು, ಇವರೆಲ್ಲರ ಬೆನ್ನಿಗೂ ಉದರದ ಒಳಪದರದ ಸ್ನಾಯುಗಳು ಆಧಾರವಾಗಿರುವ ಕಾರಣ, ಅವುಗಳನ್ನು ಬಲಪಡಿಸುವ ಈ ಸಾಧನೆ ಬಲಿಷ್ಠರಿಗೂ ದುರ್ಬಲರಿಗೂ ಸಮಾನವಾಗಿ ಒದಗುತ್ತದೆ. ಬಹುಕಾಲದ ಸೊಂಟನೋವಿಗೆ ಏನೂ ಮಾಡದಿರುವುದಕ್ಕಿಂತ ಇದು ಹಿತಕರವೆಂದು ಸಂಶೋಧನೆಗಳು ಸೂಚಿಸಿದರೂ, ಇತರ ವ್ಯಾಯಾಮಗಳಿಗಿಂತ ಮೇಲೆಂದು ಸಿದ್ಧವಾಗಿಲ್ಲ. ಯೋಗವನ್ನೋ ದಂಡ–ಬಸ್ಕಿಯನ್ನೋ ಬಿಟ್ಟು ಇದಕ್ಕೆ ಬರಬೇಕಾಗಿಲ್ಲ.

ಮಳೆಗಾಲದಲ್ಲಿ ನಮ್ಮ ಕಡೆಯ ನೆಲ ತಂಪೇರುವುದರಿಂದ ಚಾಪೆಯ ಮೇಲೆ ಮಡಚಿದ ಕಂಬಳಿಯನ್ನು ಹಾಸಿಕೊಳ್ಳಿರಿ. ಮೆತ್ತನೆಯ ಹಾಸಿಗೆ ಸಲ್ಲದು. ಅಂಗಾತ ಮಲಗಿ, ಮೊಣಕಾಲು ಮಡಚಿ, ಪಾದಗಳನ್ನು ಸೊಂಟದಷ್ಟು ಅಂತರದಲ್ಲಿ ಊರಿ, ಅಂಗೈಗಳನ್ನು ಪಕ್ಕೆಲುಬುಗಳ ಮೇಲಿಡಿರಿ. ಮೂಗಿನಿಂದ ಎಳೆದ ಉಸಿರು ಪಕ್ಕೆಗಳನ್ನು ಇಕ್ಕೆಲಕ್ಕೂ ಹಿಗ್ಗಿಸಬೇಕು. ಬಾಯಿಂದ ಬಿಡುವಾಗ, ಸೀರೆಯ ನಡುಕಟ್ಟನ್ನು ಮೆಲ್ಲನೆ ಬಿಗಿಗೊಳಿಸಿದಂತೆ ಕೆಳಹೊಟ್ಟೆ ಒಳಸರಿಯಬೇಕು.

ಬಹುತೇಕರು ಎಡವುವುದು ಇಲ್ಲಿಯೇ. ಹೊಟ್ಟೆಯನ್ನು ಒಳಗೆಳೆಯಿರಿ ಎಂದೊಡನೆ ಉಸಿರನ್ನೂ ಕಟ್ಟಿಬಿಡುತ್ತಾರೆ. ಆಗ ಉದರದೊಳಗಿನ ಒತ್ತಡವೇರಿ, ಒಳಗೆ ಹೋಗಬೇಕಾದ ಹೊಟ್ಟೆ ಹೊರಗುಬ್ಬಿ, ಕತ್ತು ಸೆಡೆತು, ಬೆನ್ನು ನೆಲವನ್ನು ಬಿಟ್ಟು ಕಮಾನಾಗುವುದಲ್ಲದೆ, ರಕ್ತದ ಒತ್ತಡವೂ ಹಠಾತ್ತನೆ ಏರುವುದರಿಂದ ಬಿ.ಪಿ. ಇರುವವರಿಗೆ ಅಪಾಯವೂ ಉಂಟು. ಎದುರಾಳಿಯನ್ನು ಎತ್ತುವಾಗ ಉಸಿರು ಬಿಗಿಹಿಡಿಯುವ ರೂಢಿಯುಳ್ಳ ಹಳಿಯಾಳದ ಕುಸ್ತಿಪಟುಗಳು ಶಕ್ತಿಯಲ್ಲಿ ಮುಂದಾದರೂ ಈ ಪಾಠದಲ್ಲಿ ಮನೆಯ ಅಜ್ಜಿಗಿಂತ ಹಿಂದೆ ಬೀಳುವರೆಂಬುದು ನನ್ನ ಅಭಿಪ್ರಾಯ. ಇದಕ್ಕೆ ಸರಳ ಪರೀಕ್ಷೆಯೊಂದಿದೆ: ಶ್ರಮದ ಭಾಗದಲ್ಲಿ ಒಂದು, ಎರಡು, ಮೂರೆಂದು ಬಾಯಿಬಿಟ್ಟು ಎಣಿಸಿರಿ. ದನಿ ಹೊರಡದಿದ್ದರೆ ಉಸಿರು ಕಟ್ಟಿದೆಯೆಂದೇ ಅರ್ಥ. ಅಲ್ಲಿಗೇ ನಿಲ್ಲಿಸಿ, ಹಿಂದಿನ ಹಂತಕ್ಕೆ ಮರಳತಕ್ಕದ್ದು. ವಾರವೊಂದು ಬರಿಯ ಉಸಿರಿನಲ್ಲೇ ಕಳೆದರೂ ನಷ್ಟವೇನಿಲ್ಲ.

ಉಸಿರು ಹದಕ್ಕೆ ಬಂದ ಬಳಿಕ, ಬಿಡುವ ಉಸಿರಿನೊಡನೆ ಒಂದೊಂದೇ ಪಾದವನ್ನು ಮೇಲೆತ್ತಿ ಇಳಿಸಿರಿ. ಅನಂತರ ಪೃಷ್ಠವನ್ನು ಮೆಲ್ಲನೆ ಎತ್ತಿ, ಬೆನ್ನೆಲುಬನ್ನು ಮೇಲಿನಿಂದ ಒಂದೊಂದೇ ಮಣಿಯಾಗಿ ನೆಲಕ್ಕೆ ತನ್ನಿರಿ. ‘ಹಂಡ್ರೆಡ್’ ಎಂಬ ಪ್ರಸಿದ್ಧ ಅಭ್ಯಾಸದಲ್ಲಿ ಐದೆಣಿಕೆಗೆ ಉಸಿರೆಳೆದು ಐದೆಣಿಕೆಗೆ ಬಿಡುತ್ತ, ನೇರವಾಗಿ ಚಾಚಿದ ತೋಳುಗಳನ್ನು ಮೇಲಕ್ಕೂ ಕೆಳಕ್ಕೂ ಚಿಕ್ಕದಾಗಿ ಆಡಿಸಿ, ಹತ್ತು ಆವೃತ್ತಿಗಳಲ್ಲಿ ನೂರನ್ನು ಮುಗಿಸುವುದು. ಹೊಸಬರು ತಲೆಯನ್ನು ನೆಲಕ್ಕೂರಿ, ಮೊಣಕಾಲು ಮಡಚಿಕೊಂಡೇ ಮಾಡಲಿ. ಪಳಗಿದವರು ತಲೆ, ಹೆಗಲುಗಳನ್ನೆತ್ತಿ ಕಾಲು ಚಾಚಲಿ.

ನೆಲಕ್ಕೆ ಇಳಿಯಲಾರದ ವೃದ್ಧರು ಕುರ್ಚಿಯಲ್ಲಿ ಕುಳಿತು ಉಸಿರಿನ ಭಾಗವನ್ನೂ ಪಾದವೆತ್ತುವುದನ್ನೂ ಮಾಡಬಹುದು. ಮೂಳೆ ಸವೆತವುಳ್ಳವರು ಮುಂದಕ್ಕೆ ಬಾಗುವ ಅಭ್ಯಾಸಗಳನ್ನು ವರ್ಜಿಸತಕ್ಕದ್ದು. ಗರ್ಭಿಣಿಯರೂ ಶಸ್ತ್ರಚಿಕಿತ್ಸೆಯಾದವರೂ ವೈದ್ಯರನ್ನು ಕೇಳದೆ ತೊಡಗಬಾರದು. ಊಟವಾದೊಡನೆ ಬೇಡ.