ಗೆಳೆಯನ ಜಾಗಕ್ಕೆ ಬಂದ ಗಾಯಕ

ಮೈಸೂರು

ಪುಟ್ಟಿ,

ನಿನ್ನ ಮೆಸೇಜು ಓದಿದೆ. ಇಷ್ಟೆಲ್ಲ ವಿಷಯಕ್ಕೆ ಫೋನಿನಲ್ಲಿ ಟೈಪು ಮಾಡಿ ಉತ್ತರ ಕೊಡುವುದು ನನ್ನ ಕೈಲಿ ಆಗುವ ಕೆಲಸವಲ್ಲ, ಅದಕ್ಕೇ ಕಾಗದ. ನಿಮ್ಮ ಕಾಯರ್‌ಗೆ ನಿನ್ನನ್ನೇ ಕಂಡಕ್ಟರ್ ಮಾಡಿದ್ದಾರೆ ಎಂದು ಓದಿ ಹಿಗ್ಗುವಷ್ಟರಲ್ಲಿ ಮುಂದಿನ ಸಾಲಿನಲ್ಲೇ ‘ಬಿಟ್ಟುಬಿಡಲಾ ದೊಡ್ಡಮ್ಮ?’ ಎಂದು ಕೇಳಿದ್ದೀಯ. ಆ ಜಾಗ ತನಗೇ ಬರುತ್ತದೆಂದು ನಿನ್ನ ಗೆಳತಿ ನಂಬಿದ್ದಳು, ನೀನೂ ಹಾಗೇ ನಂಬಿದ್ದೆ. ಈಗ ಅವಳು ಫೋನ್ ಎತ್ತುತ್ತಿಲ್ಲ. ನೀವೆಲ್ಲ ಹಾಡುವ ಎಷ್ಟೋ ಹಾಡುಗಳಿಗೆ ನಾಲ್ಕು ದನಿಯ ಸ್ವರ ಕೂರಿಸಿಕೊಟ್ಟವಳು ಅವಳು. ಸಂಗೀತ ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು ಎಂದು ಬೇರೆ ಬರೆದಿದ್ದೀಯ. ಇರಬಹುದು.

ಇಂಥ ಸಂದರ್ಭದಲ್ಲಿ ಎಲ್ಲರೂ ಜಾಗ ತಪ್ಪಿದವರ ಕಥೆಯನ್ನೇ ಹೇಳುತ್ತಾರೆ. ಸಿಕ್ಕಿದವರ ಪಾಡೇನು ಎಂದು ಯಾರೂ ಕೇಳುವುದಿಲ್ಲ. ನನಗೆ ಅಂಥವನೊಬ್ಬ ಗೊತ್ತು, ಯೂಲಿಯಸ್ ಸ್ಟಾಕ್‌ಹೌಸನ್. ಹೆಸರು ಕೇಳಿದ ತಕ್ಷಣ ಎಲೆಕ್ಟ್ರಾನಿಕ್ ಸಂಗೀತದ ಕಾರ್ಲ್‌ಹೈನ್ಸ್ ಸ್ಟಾಕ್‌ಹೌಸನ್ ಅಂದುಕೊಳ್ಳಬೇಡ. ಅವನು ಇಪ್ಪತ್ತನೆಯ ಶತಮಾನದವನು. ಇವನು ಅದಕ್ಕೂ ಹಿಂದಿನ ಬ್ಯಾರಿಟೋನ್ ಹಾಡುಗಾರ. ಸಂಗೀತ ರಚನಕಾರ ಬ್ರಾಮ್ಸ್‌ನ ಗೆಳೆಯ. ಬ್ರಾಮ್ಸ್ ಬಹಳ ಆಸೆಪಟ್ಟ ಹುದ್ದೆ ಹೋಗಿ ಸೇರಿದ್ದು ಇವನಿಗೇ.

ಹುಟ್ಟಿದ್ದು 1826ರ ಜುಲೈ 22ರಂದು, ಪ್ಯಾರಿಸ್ಸಿನಲ್ಲಿ. ಅಪ್ಪ ಕಲೋನ್ ಊರಿನವನು, ಹಾರ್ಪ್ ವಾದಕ. ಅಮ್ಮ ಮಾರ್ಗರೆಟೆ ಅಲ್ಸೇಸ್ ಪ್ರಾಂತದವಳು, ಆ ಕಾಲಕ್ಕೆ ಇಂಗ್ಲೆಂಡಿನಲ್ಲೆಲ್ಲ ಹೆಸರು ಮಾಡಿದ ಗಾಯಕಿ. ಅವಳು ಹಾಡುವುದು, ಗಂಡ ನುಡಿಸುವುದು, ಇಬ್ಬರೂ ಊರೂರು ತಿರುಗುವುದು, ಹೀಗಿತ್ತು ಸಂಸಾರ. ಅಲ್ಸೇಸ್ ಎಂದರೆ ಫ್ರಾನ್ಸಿಗೂ ಜರ್ಮನಿಗೂ ನಡುವಿನ ಗಡಿ ಸೀಮೆ. ಹುಡುಗನಿಗೆ ಎರಡೂ ಭಾಷೆ ಬಂತು. ಪಿಯಾನೊ, ಆರ್ಗನ್, ಪಿಟೀಲು, ಚೆಲೋ ಎಲ್ಲವನ್ನೂ ಕೈಗೆತ್ತಿಕೊಂಡ. ಕೊನೆಗೆ ನೆಚ್ಚಿಕೊಂಡದ್ದು ಗಂಟಲನ್ನು.

ಗಂಟಲಿನ ವಿಷಯಕ್ಕೆ ಸಿಕ್ಕ ಗುರುವೂ ಅಂತಿಂಥವರಲ್ಲ. ಮಾನ್ಯುಯೆಲ್ ಗಾರ್ಸಿಯಾ, ಆ ಶತಮಾನದ ಗಾಯನ ಗುರುಗಳಲ್ಲೇ ಅತಿ ದೊಡ್ಡ ಹೆಸರು. ದನಿ ಕೆಟ್ಟುಹೋಗಿ ಬಳಿಗೆ ಬಂದ ಗಾಯಕಿ ಯೆನ್ನಿ ಲಿಂಡ್‌ಗೆ ಮೊದಲು ಆರು ವಾರ ಬಾಯಿಯನ್ನೇ ತೆರೆಯಬೇಡ ಎಂದು ಹೇಳಿ ವಾಪಸು ಕಳಿಸಿದವರು ಈ ಮೇಷ್ಟ್ರು. ಹಾಡುವಾಗ ಗಂಟಲೊಳಗೆ ಏನು ನಡೆಯುತ್ತದೆಂದು ನೋಡುವ ಹಟ ಅವರಿಗೆ. ಹಲ್ಲಿನ ವೈದ್ಯರು ಬಳಸುವ ಪುಟ್ಟ ಕನ್ನಡಿಯನ್ನು ತಮ್ಮ ಗಂಟಲೊಳಗೆ ಇಟ್ಟುಕೊಂಡು, ಇನ್ನೊಂದು ಕೈಗನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಬೀಳಿಸಿ, ತಮ್ಮದೇ ಧ್ವನಿತಂತುಗಳು ಅದುರುವುದನ್ನು ನೋಡಿದರು. 1855ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಅದರ ವರದಿ ಒಪ್ಪಿಸಿದರು. ಇವತ್ತು ಕಿವಿ-ಮೂಗು-ಗಂಟಲಿನ ಡಾಕ್ಟರು ‘ಆ ಅನ್ನಿ’ ಎಂದು ಕನ್ನಡಿ ಹಿಡಿಯುವುದು ಒಬ್ಬ ಸಂಗೀತದ ಮೇಷ್ಟ್ರಿಂದ ಬಂದದ್ದು. ಸ್ಟಾಕ್‌ಹೌಸನ್ ಅವರ ಬಳಿ ಪ್ಯಾರಿಸ್ಸಿನಲ್ಲಿ ಕಲಿತ. ಮೇಷ್ಟ್ರು ಲಂಡನ್ನಿಗೆ ಹೋದಾಗ ಹಿಂದೆಯೇ ಹೋಗಿ ಅಲ್ಲೂ ಕಲಿತ.

ಒಪೆರಾದಲ್ಲೂ ಹಾಡಿದ, ಮಾನ್‌ಹೈಮ್‌ನಲ್ಲಿ ಸ್ವಲ್ಪ ಕಾಲ, ಪ್ಯಾರಿಸ್ಸಿನ ಒಪೆರಾ-ಕೊಮಿಕ್‌ನಲ್ಲಿ ಸ್ವಲ್ಪ ಕಾಲ. ಅದು ಅವನ ಮುಖ್ಯ ಅಧ್ಯಾಯವಲ್ಲ, ಬಿಡು. ಅವನು ನಿಜವಾಗಿ ಅರಳಿದ್ದು ವೇಷವಿಲ್ಲದೆ, ಪರದೆಯಿಲ್ಲದೆ, ಪಕ್ಕದಲ್ಲಿ ಒಂದೇ ಪಿಯಾನೊ ಇಟ್ಟುಕೊಂಡು ಕವಿತೆ ಹಾಡುವ ಲೀಡ್ ಎಂಬ ಪ್ರಕಾರದಲ್ಲಿ. (ಈ ಲೀಡ್‌ಗೂ ನಮ್ಮೂರಿಗೂ ಒಂದು ಎಳೆ ಉಂಟು. ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಹಾಡುಗಳು 1950ರಲ್ಲಿ ಲಂಡನ್ನಿನಲ್ಲಿ ಮೊದಲ ಸಲ ಕೇಳಿಬಂದಾಗ ಆ ಕಛೇರಿಗೆ ಹಣದ ಆಸರೆ ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರು. ಅರಮನೆ ಮುಂದೆ ಹೋಗುವಾಗಲೆಲ್ಲ ನನಗಿದು ನೆನಪಾಗುತ್ತದೆ. ನಿಮ್ಮ ದೊಡ್ಡಪ್ಪನಿಗೆ ಹೇಳಿದರೆ ‘ಹೌದಾ’ ಎಂದು ಸುಮ್ಮನಾಗುತ್ತಾರೆ.)

1856ರ ಮೇ ತಿಂಗಳಲ್ಲಿ ವಿಯೆನ್ನಾದಲ್ಲಿ ಸ್ಟಾಕ್‌ಹೌಸನ್ ಮಾಡಿದ್ದನ್ನು ಇವತ್ತಿನವರಾದ ನೀವು ದೊಡ್ಡದು ಎಂದುಕೊಳ್ಳಲಿಕ್ಕಿಲ್ಲ. ಶೂಬರ್ಟ್ 1823ರಲ್ಲಿ ಬರೆದ ‘ಸುಂದರಿ ಗಿರಣಿಯವಳು’ ಎಂಬ ಹಾಡುಮಾಲೆಯ ಇಪ್ಪತ್ತಕ್ಕೆ ಇಪ್ಪತ್ತೂ ಹಾಡನ್ನು ಒಂದೇ ಸಂಜೆ ಹಾಡಿಬಿಟ್ಟ. ಆಗಿನ ಕಛೇರಿ ಹೇಗಿರುತ್ತಿತ್ತು ಗೊತ್ತೇ? ಒಂದು ಸಿಂಫನಿಯ ತುಂಡು, ಒಪೆರಾದ ಒಂದು ಹಾಡು, ಪಿಯಾನೊದಲ್ಲಿ ಒಂದಿಷ್ಟು ಚಮತ್ಕಾರ, ನಡುವೆ ಬಾಯಿ ಚಪ್ಪರಿಸಲು ಎರಡು ಲೀಡ್. ಶೂಬರ್ಟ್‌ನ ಮಾಲೆಯನ್ನು ಕಾದಂಬರಿಯಿಂದ ಎರಡು ಹಾಳೆ ಹರಿದು ಓದುವ ಹಾಗೆ ಹಾಡುತ್ತಿದ್ದರು. ಶೂಬರ್ಟ್ ಸತ್ತು ಆಗಲೇ ಇಪ್ಪತ್ತೇಳು ವರ್ಷ ಮೀರಿತ್ತು. ಅಷ್ಟೂ ಕಾಲ ಆ ಕಥೆಯನ್ನು ಮೊದಲಿಂದ ಕೊನೆವರೆಗೆ ಕಛೇರಿಯಲ್ಲಿ ಯಾರೂ ಹಾಡಿರಲಿಲ್ಲ.

ಮಾಲೆಯಲ್ಲಿರುವುದು ಒಬ್ಬ ಗಿರಣಿ ಹುಡುಗನ ಕಥೆ. ತೊರೆಯ ಗುಂಟ ನಡೆದು ಬಂದು ಗಿರಣಿ ಯಜಮಾನನ ಮಗಳನ್ನು ಇಷ್ಟಪಡುತ್ತಾನೆ. ಅವಳ ಮನಸ್ಸು ಒಬ್ಬ ಬೇಟೆಗಾರನ ಕಡೆ ತಿರುಗುತ್ತದೆ. ಹುಡುಗ ತೊರೆಗೇ ಬೀಳುತ್ತಾನೆ, ಕೊನೆಯ ಹಾಡನ್ನು ತೊರೆ ಹಾಡುತ್ತದೆ. ಬಿಡಿಬಿಡಿಯಾಗಿ ಹಾಡಿದರೆ ಇವು ಚೆಂದದ ಹಾಡುಗಳು, ಅಷ್ಟೆ. ಸಾಲಾಗಿ ಹಾಡಿದಾಗ ಮಾತ್ರ ಮೊದಲ ಹಾಡಿನಲ್ಲಿ ಗಿರಗಿರ ತಿರುಗುವ ಆ ಪಿಯಾನೊದ ನೀರು ಕೊನೆಯ ಹಾಡಿನಲ್ಲಿ ಯಾಕೆ ಅಷ್ಟು ನಿಧಾನ ಎಂಬುದು ತಿಳಿಯುತ್ತದೆ. ಒಂದು ಗಂಟೆಗೂ ಮಿಕ್ಕಿ ಒಬ್ಬನೇ ನಿಂತು, ದನಿಯನ್ನೂ ಕೇಳುವವರ ಗಮನವನ್ನೂ ಹಿಡಿದಿಟ್ಟುಕೊಳ್ಳಬೇಕು. ಗಟ್ಟಿ ಗಂಟಲಿನವರು ಬೇಕಾದಷ್ಟು ಜನ ಇದ್ದರು. ಒಂದೊಂದು ಪದವೂ ಹಿಂದಿನ ಸಾಲಿನವರಿಗೆ ಕೇಳುವಂತೆ ಹಾಡುವವರು ಕಡಿಮೆ. ಸ್ಟಾಕ್‌ಹೌಸನ್‌ನ ಹೆಚ್ಚುಗಾರಿಕೆ ಅಲ್ಲಿತ್ತು ಎಂಬುದು ನನ್ನ ಲೆಕ್ಕ.

ಅದೇ ವರ್ಷ ಅವನಿಗೆ ಬ್ರಾಮ್ಸ್‌ನ ಪರಿಚಯವಾಯಿತು. ಬ್ರಾಮ್ಸ್ ಇವನಿಗಿಂತ ಏಳು ವರ್ಷ ಚಿಕ್ಕವನು. ಹ್ಯಾಂಬರ್ಗಿನಲ್ಲಿ ಡಬಲ್ ಬಾಸ್ ನುಡಿಸುವ ಬಡವನೊಬ್ಬನ ಮಗ. ಇಬ್ಬರಿಗೂ ಹೊಂದಿತು. 1861ರ ವಸಂತದಲ್ಲಿ ಹ್ಯಾಂಬರ್ಗಿನಲ್ಲಿ ಶೂಬರ್ಟ್‌ನ ಗಿರಣಿಯವಳನ್ನು ಜೊತೆಯಾಗಿ ಪ್ರಸ್ತುತಪಡಿಸಿದರು. ಏಪ್ರಿಲ್ 30ರಂದು ಶೂಮನ್‌ನ ‘ಕವಿಯ ಪ್ರೇಮ’ದ ಹದಿನಾರು ಹಾಡನ್ನೂ ಹಾಡಿದರು, ಅದು ಪೂರ್ತಿಯಾಗಿ ಸಭೆಯ ಮುಂದೆ ಬಂದದ್ದು ಅವತ್ತೇ ಮೊದಲು. ಇವನು ಹಾಡಿದ, ಬ್ರಾಮ್ಸ್ ಪಿಯಾನೊಗೆ ಕೂತ. ಆ ಬೇಸಿಗೆಯಲ್ಲೇ ಬ್ರಾಮ್ಸ್ ಇವನ ದನಿಯನ್ನು ಮನಸ್ಸಿನಲ್ಲಿಟ್ಟುಕೊಂಡು ‘ಮಾಗೆಲೋನೆ’ ಹಾಡುಗಳನ್ನು ಬರೆಯಲು ಶುರುಮಾಡಿದ.

ಇನ್ನು ನಿನಗೆ ಬೇಕಾದ ಭಾಗ. ಹ್ಯಾಂಬರ್ಗಿನ ಫಿಲ್‌ಹಾರ್ಮೋನಿಕ್ ಕಛೇರಿಗಳನ್ನು 1828ರಿಂದ ನಡೆಸಿಕೊಂಡು ಬಂದಿದ್ದ ಗ್ರುಂಡ್ ಎಂಬ ಹಿರಿಯ ನಿವೃತ್ತನಾಗುವವನಿದ್ದ. ಬ್ರಾಮ್ಸ್‌ಗೆ ಆಗ ಇಪ್ಪತ್ತೊಂಬತ್ತು. 1862ರ ಸೆಪ್ಟೆಂಬರಿನಲ್ಲಿ ವಿಯೆನ್ನಾಕ್ಕೆ ಹೋಗಿದ್ದ, ಆದರೆ ಮನಸ್ಸು ಊರಿನಲ್ಲಿತ್ತು. ಹುಟ್ಟಿದ ಊರು, ಅಪ್ಪ ಅಮ್ಮ ಅಲ್ಲಿದ್ದಾರೆ, ಖಾಯಂ ಕೆಲಸ ಸಿಕ್ಕರೆ ಮನೆ ಮಾಡಿ ನೆಲೆ ನಿಲ್ಲಬಹುದು. ಸಮಿತಿಯಲ್ಲಿ ಆವೆ-ಲಾಲ್‌ಮಂಟ್ ಎಂಬ ಸ್ನೇಹಿತನೂ ಇದ್ದ. ನವೆಂಬರಿನಲ್ಲಿ ಸುದ್ದಿ ಬಂತು, ಸಮಿತಿ ಕರೆದದ್ದು ಸ್ಟಾಕ್‌ಹೌಸನ್‌ನನ್ನು.

ಬ್ರಾಮ್ಸ್ ಪಿಯಾನೊ ವಾದಕಿ ಕ್ಲಾರಾ ಶೂಮನ್‌ಗೆ ಬರೆದ ಕಾಗದದಲ್ಲಿ ಆ ನೋವನ್ನೆಲ್ಲ ತೋಡಿಕೊಂಡ. ಪಿಟೀಲಿನ ಯೋಸೆಫ್ ಯೋವಾಕಿಮ್‌ಗೆ ಸಿಟ್ಟು ಬಂದು ಸಮಿತಿಯವರನ್ನೇ ಕಾಗದದಲ್ಲಿ ತರಾಟೆಗೆ ತೆಗೆದುಕೊಂಡ. ಆ ಯೋವಾಕಿಮ್ ಸ್ಟಾಕ್‌ಹೌಸನ್‌ಗೂ ಸ್ನೇಹಿತ ಎಂಬುದನ್ನು ಗಮನಿಸು. ಇಬ್ಬರಿಗೂ ಬೇಕಾದವನು ಒಬ್ಬರ ಪರ ನಿಂತರೆ ಇನ್ನೊಬ್ಬರಿಗೆ ಹೇಗಾಗುತ್ತದೆ ಎಂದು ನಿನಗೆ ನಾನು ಹೇಳಬೇಕೇ? ನಿಮ್ಮ ಕಾಯರ್‌ನಲ್ಲಿ ಈಗ ಆಗುತ್ತಿರುವುದೂ ಅದೇ ಅಲ್ಲವೇ?

ಸ್ಟಾಕ್‌ಹೌಸನ್ ಆ ಕೆಲಸ ಬೇಡವೆನ್ನಲಿಲ್ಲ. 1863ರಿಂದ 1867ರವರೆಗೆ ಆರ್ಕೆಸ್ಟ್ರಾವನ್ನೂ ಸಿಂಗ್‌ಅಕಾಡೆಮಿ ಎಂಬ ಗಾಯಕ ವೃಂದವನ್ನೂ ನಡೆಸಿದ. ಅವನು ಬಿಟ್ಟುಕೊಟ್ಟಿದ್ದರೆ ಆ ಸಮಿತಿ ಬ್ರಾಮ್ಸ್‌ನನ್ನು ಕರೆಯುತ್ತಿತ್ತು ಎಂದು ನನಗೇನೂ ಅನ್ನಿಸುವುದಿಲ್ಲ. ಅವರಿಗೆ ಬೇಕಾಗಿದ್ದದ್ದು ಹೆಸರಾಂತ ಹಾಡುಗಾರ, ಬೇರೆ ಯಾವನೋ ಬರುತ್ತಿದ್ದ. ನಿನ್ನ ಸಮಿತಿಯವರೂ ಹಾಗೇ. ನೀನು ರಾಜೀನಾಮೆ ಕೊಟ್ಟರೆ ಆ ಜಾಗ ಗೆಳತಿಗೆ ಹೋಗುತ್ತದೆ ಎಂದು ನಿನಗೆ ಬರೆದುಕೊಟ್ಟವರು ಯಾರು? ಹೋದರೂ, ನೀನು ದಯೆಯಿಂದ ಬಿಟ್ಟುಕೊಟ್ಟದ್ದು ಎಂಬ ಋಣ ಅವಳ ತಲೆಯ ಮೇಲೆ ಕೂರುತ್ತದೆ. ಸ್ವಾಭಿಮಾನದ ಹುಡುಗಿ ಅವಳು, ಅದನ್ನು ಹೊರುವವಳಲ್ಲ.

ಬ್ರಾಮ್ಸ್ ಏನು ಮಾಡಿದ ಎನ್ನುವುದು ಇನ್ನೂ ಕುತೂಹಲದ್ದು. 1865ರಲ್ಲಿ, ಸ್ಟಾಕ್‌ಹೌಸನ್ ಅದೇ ಹುದ್ದೆಯಲ್ಲಿದ್ದಾಗ, ಮಾಗೆಲೋನೆ ಹಾಡುಗಳ ಮೊದಲ ಕಂತು ಅಚ್ಚಾಗಿ ಬಂತು. ಅರ್ಪಣೆ ಯಾರಿಗೆ? ಯೂಲಿಯಸ್ ಸ್ಟಾಕ್‌ಹೌಸನ್‌ಗೆ. ಉಳಿದ ಕಂತುಗಳು 1869ರಲ್ಲಿ ಬಂದವು, ಒಟ್ಟು ಹದಿನೈದು ಹಾಡು. ಸಿಟ್ಟು ಊರಿನ ಮೇಲಿತ್ತು. ಹಾಡು ಗೆಳೆಯನ ದನಿಗೇ ಮೀಸಲಾಗಿತ್ತು.

1868ರ ಮಾರ್ಚಿನಲ್ಲಿ ಇಬ್ಬರೂ ಒಟ್ಟಿಗೆ ಕಛೇರಿ ಕೊಡುತ್ತ ಕೋಪನ್‌ಹೇಗನ್ ತಲುಪಿದರು. ಅಲ್ಲಿ ಡೇನಿಷ್ ಸಂಗೀತಗಾರ ಗೇಡ್‌ನ ಮನೆಯಲ್ಲಿ ಒಂದು ಕೂಟ. ಥೋರ್‌ವಾಲ್ಡ್‌ಸೆನ್ ಎಂಬ ಮಹಾಶಿಲ್ಪಿಯ ವಸ್ತುಸಂಗ್ರಹಾಲಯ ನೋಡಿದಿರಾ ಎಂದು ಯಾರೋ ಕೇಳಿದರು. ನೋಡಿದೆ, ಬಹಳ ಚೆನ್ನಾಗಿದೆ, ಬರ್ಲಿನ್ನಿನಲ್ಲಿ ಇಲ್ಲದಿರುವುದೇ ಬೇಸರ ಎಂಬರ್ಥದ ಮಾತು ಬ್ರಾಮ್ಸ್ ಬಾಯಿಂದ ಬಂತು. ಬರೀ ನಾಲ್ಕು ವರ್ಷದ ಹಿಂದೆ ಪ್ರಷ್ಯ ಮತ್ತು ಆಸ್ಟ್ರಿಯ ಯುದ್ಧ ಮಾಡಿ ಡೆನ್ಮಾರ್ಕಿನಿಂದ ಎರಡು ಪ್ರಾಂತ ಕಿತ್ತುಕೊಂಡಿದ್ದವು! ಪತ್ರಿಕೆಗಳು ಹರಿಹಾಯ್ದವು, ಬ್ರಾಮ್ಸ್ ಗಂಟುಮೂಟೆ ಕಟ್ಟಬೇಕಾಯಿತು. ಇಂಥ ನಾಲಗೆಯವನನ್ನು ಒಂದು ಊರಿನ ಸಮಿತಿ ಯಾಕೆ ಕರೆಯಲಿಲ್ಲ ಎಂಬುದಕ್ಕೆ ಇದೂ ಸಣ್ಣ ಸುಳಿವು ಎಂದು ನಾನು ಒಳಗೊಳಗೇ ನಕ್ಕಿದ್ದೇನೆ.

ಅದಾದ ಕೆಲವೇ ದಿನಕ್ಕೆ, ಏಪ್ರಿಲ್ 10ರ ಗುಡ್ ಫ್ರೈಡೇ, ಬ್ರೆಮೆನ್‌ನ ಕ್ಯಾತಿಡ್ರಲ್‌ನಲ್ಲಿ ಬ್ರಾಮ್ಸ್‌ನ ‘ಜರ್ಮನ್ ರಿಕ್ವಿಯಮ್’. ಅದಕ್ಕೂ ಮೊದಲು ವಿಯೆನ್ನಾದಲ್ಲಿ ಅದರ ಮೂರು ಭಾಗ ಪ್ರಯೋಗವಾಗಿದ್ದಾಗ, ನಗಾರಿ ಬಡಿಯುವವನ ಆರ್ಭಟದಲ್ಲಿ ಮೂರನೆಯದರ ಕೊನೆ ಕೇಳಿಸದೆ ಮುಳುಗಿಹೋಗಿತ್ತು. ಬ್ರೆಮೆನ್‌ನಲ್ಲಿ ಬ್ರಾಮ್ಸ್ ತಾನೇ ಕಂಡಕ್ಟರ್ ಆಗಿ ನಿಂತ. ಹಾಡಲು ಸ್ಟಾಕ್‌ಹೌಸನ್. ಕ್ಲಾರಾ ಬಂದಿದ್ದಳು, ಬ್ರಾಮ್ಸ್‌ನ ಅಪ್ಪನೂ ಇದ್ದ. ಅಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ನೀನು ಆ ಮೂರನೇ ಭಾಗವನ್ನು ಸ್ವರಪುಸ್ತಕ ಹಿಡಿದು ಕೇಳು. ತನ್ನ ಆಯಸ್ಸಿಗೆ ಕೊನೆಯಿದೆ ಎಂಬುದನ್ನು ಅರಿಯುವಂತೆ ಮಾಡು ಎಂದು ದೇವರನ್ನು ಕೇಳುವ ಬ್ಯಾರಿಟೋನ್ ಮೊದಲು ಒಂಟಿಯಾಗಿ ಹಾಡುತ್ತಾನೆ. ಅವನು ಬಿಟ್ಟ ಸಾಲನ್ನೇ ವೃಂದ ಎತ್ತಿಕೊಳ್ಳುತ್ತದೆ. ಮತ್ತೆ ಅವನು, ಮತ್ತೆ ವೃಂದ. ಕೋಲು ಹಿಡಿದವನು ಹುದ್ದೆ ತಪ್ಪಿಹೋದವನು. ಅವನ ಕೈ ನೋಡಿಕೊಂಡು ಹಾಡುತ್ತಿರುವವನು ಆ ಹುದ್ದೆಯನ್ನು ನಡೆಸಿ, ಬಿಟ್ಟು ಬಂದವನು.

ಮುಂದಿನದು ಬೇಗ ಹೇಳುತ್ತೇನೆ. ಸ್ಟಾಕ್‌ಹೌಸನ್ ಬರ್ಲಿನ್ನಿನಲ್ಲಿ 1874ರಿಂದ ನಾಲ್ಕು ವರ್ಷ ಇನ್ನೊಂದು ಗಾಯಕ ವೃಂದ ನಡೆಸಿದ. 1878ರಲ್ಲಿ ಫ್ರಾಂಕ್‌ಫರ್ಟಿನ ಹೊಸ ಸಂಗೀತ ಶಾಲೆ ಹೋಖ್ ಕನ್ಸರ್ವೇಟರಿಗೆ ಗಾಯನದ ಮೇಷ್ಟ್ರಾಗಿ ಬಂದ, ಪಿಯಾನೊಗೆ ಕ್ಲಾರಾ ಶೂಮನ್. ಅಲ್ಲಿನ ಮುಖ್ಯಸ್ಥ ರಾಫ್ ಜೊತೆ ಹೊಂದಲಿಲ್ಲ, 1880ರಲ್ಲಿ ಹೊರಬಂದು ಸ್ವಂತ ಶಾಲೆ ತೆರೆದ. 1884ರಲ್ಲಿ ಗಾಯನ ಪದ್ಧತಿಯ ಪುಸ್ತಕ ಬರೆದ. ವಾಗ್ನರ್ ಒಪೆರಾಗಳಲ್ಲಿ ಮೆರೆದ ಶೈಡೆಮಾಂಟೆಲ್, ಫಾನ್ ರೋಯ್ ಇವನಲ್ಲಿ ಕಲಿತವರು. ಹೆರ್ಮಿನೆ ಶ್ಪೀಸ್ ಎಂಬ ಹುಡುಗಿಯೂ ಕಲಿತಳು. 1880ರ ದಶಕದಲ್ಲಿ ಬ್ರಾಮ್ಸ್‌ಗೆ ತನ್ನ ಹಾಡುಗಳನ್ನು ಅವಳ ಬಾಯಲ್ಲಿ ಕೇಳುವುದೆಂದರೆ ಪ್ರಾಣ. ಸ್ಟಾಕ್‌ಹೌಸನ್ ತೀರಿಕೊಂಡದ್ದು 1906ರ ಸೆಪ್ಟೆಂಬರ್ 22ರಂದು, ಫ್ರಾಂಕ್‌ಫರ್ಟಿನಲ್ಲಿ. ಗುರು ಗಾರ್ಸಿಯಾ ಅದೇ ವರ್ಷ ಜುಲೈನಲ್ಲಿ, ನೂರೊಂದು ತುಂಬಿಸಿಕೊಂಡು ಹೋಗಿದ್ದರು.

ಎಲ್ಲ ಸರಿಹೋಯಿತು ಎಂದು ನಾನು ನಿನಗೆ ಸುಳ್ಳು ಹೇಳುವುದಿಲ್ಲ ಕಣೇ. ಹ್ಯಾಂಬರ್ಗಿನ ಗಾಯ ಬ್ರಾಮ್ಸ್‌ಗೆ ಮಾಯಲೇ ಇಲ್ಲ. 1889ರಲ್ಲಿ ಊರು ಗೌರವ ಪೌರತ್ವ ಕೊಟ್ಟಿತು. 1894ರಲ್ಲಿ ಅದೇ ಹುದ್ದೆಗೆ ಬಾ ಎಂದು ಕರೆಯಿತು. ಅರವತ್ತು ದಾಟಿದ್ದ ಅವನು ಒಲ್ಲೆ ಎಂದ, ಕಹಿಯಾಗಿಯೇ ಎಂದ. ನಿನ್ನ ಗೆಳತಿಯ ನೋವನ್ನು ಮಾಯಿಸುವ ಗುತ್ತಿಗೆ ನಿನ್ನದಲ್ಲ.

ರಾಜೀನಾಮೆ ಬೇಡ. ಕ್ಷಮೆ ಕೇಳುವ ಉದ್ದುದ್ದ ಮೆಸೇಜುಗಳೂ ಬೇಡ, ನೀನು ಕದ್ದದ್ದೇನೂ ಇಲ್ಲ. ಡಿಸೆಂಬರಿನ ಕಾರ್ಯಕ್ರಮದ ಪಟ್ಟಿ ಈಗ ನಿನ್ನ ಕೈಯಲ್ಲಿದೆ. ಅವಳು ಸ್ವರ ಕೂರಿಸಿದ ಆ ಪುರಂದರದಾಸರ ಪದವನ್ನು ಅದರಲ್ಲಿ ಸೇರಿಸು, ಹೆಸರನ್ನು ದೊಡ್ಡ ಅಕ್ಷರದಲ್ಲಿ ಹಾಕಿಸು. ಅದಕ್ಕೂ ಮೊದಲು ಅವಳ ಒಪ್ಪಿಗೆ ಕೇಳು, ಗುಂಪಿನಲ್ಲಿ ಬೇಡ, ಅವಳಿಗೊಬ್ಬಳಿಗೇ, ಎರಡು ಸಾಲಿನಲ್ಲಿ. ಬೇಡ ಎಂದರೆ ಆ ಪದವನ್ನು ಮುಟ್ಟಬೇಡ, ಯುಗಾದಿಯ ಹೊತ್ತಿಗೆ ಇನ್ನೊಂದು ಸಲ ಕೇಳು. ರಿಹರ್ಸಲ್‌ಗೆ ಬಂದಳೋ, ಅವಳ ಹಾಡಿಗೆ ಕಂಡಕ್ಟರ್ ಆಗಿ ಅವಳನ್ನೇ ನಿಲ್ಲಿಸಿ ನೀನು ಆಲ್ಟೊ ಸಾಲಿನಲ್ಲಿ ಹೋಗಿ ನಿಂತುಕೋ.

ನಿಮ್ಮಮ್ಮನಿಗೆ ಈ ವಿಷಯ ನಾನು ಹೇಳಿಲ್ಲ. ದಸರಾಕ್ಕೆ ಬರುವಾಗ ಗಂಟಲಿಗೆ ಮಫ್ಲರ್ ತಾ, ಇಲ್ಲಿ ಈಗಲೇ ಸಂಜೆಯ ಗಾಳಿ ತಣ್ಣಗಿದೆ.

ನಿನ್ನ
ದೊಡ್ಡಮ್ಮ